ಹೋಳು ಬಳೆಯ ಬೇರಿಂಗು: ಕೂಡಿಸುವವರೆಗೂ ಕಟ್ಟು ಬಿಚ್ಚಬೇಡಿ

ಟ್ರ್ಯಾಕ್ಟರು, ಟ್ರೇಲರು, ರೋಟವೇಟರು, ಒಕ್ಕಣೆ ಯಂತ್ರ, ತರಕಾರಿ ಸಾಗಿಸುವ ಸಣ್ಣ ವಾಹನ, ಹೀಗೆ ಬೇಸಾಯಗಾರರ ಮನೆಯಲ್ಲಿ ತಿರುಗುವ ಯಾವ ಯಂತ್ರವನ್ನು ನೋಡಿದರೂ ಅದರೊಳಗೆ ಬೇರಿಂಗುಗಳಿರುತ್ತವೆ. ಹಳೆಯದು ಸವೆದಾಗ ಪೇಟೆಯಿಂದ ಹೊಸದನ್ನು ತಂದು ಊರಿನ ಮೆಕ್ಯಾನಿಕ್ಕಿನಿಂದ ಕೂಡಿಸುವುದು ವಾಡಿಕೆ. ಹೊಸದು ಕೆಲವೇ ದಿನಗಳಲ್ಲಿ ಸದ್ದು ಮಾಡತೊಡಗಿದರೆ ಮಾಲು ಖೋಟಾ ಎಂದು ದೂರುತ್ತೇವೆ. ಖೋಟಾ ಮಾಲು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಆದರೆ ಒಳ್ಳೆಯ ಬೇರಿಂಗೂ ಅಂಗಡಿಯಿಂದ ಯಂತ್ರಕ್ಕೆ ಸೇರುವ ದಾರಿಯಲ್ಲೇ ಕೆಡಬಹುದು. ಬಳೆಯು ಎರಡು ಹೋಳಾಗಿರುವ ಬೇರಿಂಗುಗಳಿಗೆ ಈ ಅಪಾಯ ಹೆಚ್ಚು.

ಇಂಥ ಬೇರಿಂಗಿನ ಹೋಳುಗಳು ಬಿಡಿಯಾಗದಂತೆ ತಯಾರಕರು ಪ್ಲಾಸ್ಟಿಕ್ ಕೊಳವೆ, ತಂತಿಯ ಬಳೆ, ತಿರುಪು ಮುಂತಾದವುಗಳಿಂದ ಅವನ್ನು ಹಿಡಿದಿಟ್ಟು ಕಳುಹಿಸುತ್ತಾರೆ. ಇದು ಬರಿಯ ಪೊಟ್ಟಣದ ಕಟ್ಟೆಂದು ತಿಳಿದು ಅಂಗಡಿಯಲ್ಲೇ ಕಿತ್ತೆಸೆಯುವವರುಂಟು. ಬೇರಿಂಗು ತನ್ನ ಜಾಗದಲ್ಲಿ ಕೂರುವವರೆಗೆ ಈ ಕಟ್ಟು ಬೇರಿಂಗಿನದೇ ಒಂದು ಅಂಗವೆಂದು ಭಾವಿಸಬೇಕು. ಅದು ಏಕೆ, ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬಳೆಯನ್ನು ಹೋಳು ಮಾಡುವುದೇಕೆ?

ಬೇರಿಂಗಿನಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ. ಶಾಫ್ಟಿನ ಮೇಲೆ ಕೂರುವ ಒಳಬಳೆ, ಹಬ್ ಅಥವಾ ಪೆಟ್ಟಿಗೆಯೊಳಗೆ ಕೂರುವ ಹೊರಬಳೆ, ಇವೆರಡರ ನಡುವೆ ಉರುಳುವ ಗುಂಡುಗಳು ಇಲ್ಲವೆ ರೋಲರುಗಳು, ಮತ್ತು ಅವು ಒಂದಕ್ಕೊಂದು ತಾಗದಂತೆ ಅಂತರ ಕಾಯುವ ಪಂಜರ. ಸಾಧಾರಣ ಗುಂಡಿನ ಬೇರಿಂಗಿನಲ್ಲಿ ಎರಡು ಬಳೆಗಳೂ ಇಡಿಯಾಗಿರುತ್ತವೆ. ಅದನ್ನು ಕೈಯಲ್ಲಿ ಹೇಗೆ ಹಿಡಿದರೂ ಬಿಡಿಯಾಗುವುದಿಲ್ಲ.

ಆದರೆ ಕೆಲವೆಡೆ ಇಡೀ ಬಳೆ ಒಗ್ಗುವುದಿಲ್ಲ. ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಒಳಬಳೆ ಎರಡು ಹೋಳಾದರೆ ನಡುವೆ ಹೆಚ್ಚು ಗುಂಡುಗಳನ್ನು ತುಂಬಬಹುದು. ಗುಂಡು ಹೆಚ್ಚಾದಂತೆ ಹೊರುವ ಶಕ್ತಿಯೂ ಹೆಚ್ಚುತ್ತದೆ. ಎರಡನೆಯದು, ಚಕ್ರವು ಭಾರ ಹೊರುವುದರ ಜೊತೆಗೆ ತಿರುವುಗಳಲ್ಲಿ ಎಡಕ್ಕೂ ಬಲಕ್ಕೂ ಒತ್ತಡ ತಡೆಯಬೇಕು. ಎರಡೂ ಕಡೆಯ ಒತ್ತಡ ತಡೆಯಲು ಎದುರುಬದುರಾದ ಎರಡು ಓಟದ ದಾರಿಗಳು ಬೇಕು. ಮೂರನೆಯದು, ಉದ್ದನೆಯ ಶಾಫ್ಟಿನ ನಡುಭಾಗದಲ್ಲಿರುವ ಬೇರಿಂಗನ್ನು ತುದಿಯಿಂದ ತೂರಿಸಬೇಕಾದರೆ ಗಾಲಿ, ರಾಟೆ, ಹಲ್ಲುಚಕ್ರಗಳನ್ನೆಲ್ಲ ಕಳಚಬೇಕಾಗುತ್ತದೆ. ಬೇರಿಂಗೇ ಎರಡು ಹೋಳಾಗಿದ್ದರೆ ಶಾಫ್ಟನ್ನು ಅಲ್ಲಾಡಿಸದೆ ಸುತ್ತಲೂ ತೊಡಿಸಬಹುದು.

ಇವುಗಳ ಹುಟ್ಟಿಗೂ ಬೇಸಾಯಕ್ಕೂ ನಂಟುಂಟು. ಬಿಡಿಸಬಹುದಾದ ಮೊನಚು ರೋಲರಿನ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಅವರು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕುದುರೆಗಾಡಿಗಳನ್ನು ತಯಾರಿಸುತ್ತಿದ್ದವರು. ಶಾಫ್ಟಿನ ಸುತ್ತ ತೊಡಿಸುವ ಇಬ್ಭಾಗದ ರೋಲರ್ ಬೇರಿಂಗನ್ನು 1907ರಲ್ಲಿ ರೂಪಿಸಿದ ಥಾಮಸ್ ಕೂಪರ್ ಅವರು ಇಂಗ್ಲೆಂಡಿನ ಕಿಂಗ್ಸ್ ಲಿನ್‌ನಲ್ಲಿ ಉಗಿಯ ಬಲದಿಂದ ಹೊಲ ಅಗೆಯುವ ಯಂತ್ರಗಳನ್ನು ಮಾಡುತ್ತಿದ್ದವರು.

ನಮ್ಮಲ್ಲಿ ಕಂಡುಬರುವ ಬಗೆಗಳು

1. ಮೊನಚು ರೋಲರಿನ ಬೇರಿಂಗು: ಟ್ರ್ಯಾಕ್ಟರಿನ ಮುಂದಿನ ಚಕ್ರದ ಹಬ್, ಟ್ರೇಲರಿನ ಚಕ್ರ, ಟೈರುಗಾಡಿಯ ಅಚ್ಚು ಇವುಗಳಲ್ಲಿ ಸಾಮಾನ್ಯ. ರೋಲರು ಮತ್ತು ಪಂಜರ ಸಹಿತವಾದ ಒಳಭಾಗವನ್ನು ಕೋನ್ ಎಂದೂ ಹೊರಬಳೆಯನ್ನು ಕಪ್ ಎಂದೂ ಕರೆಯುತ್ತಾರೆ. ಇಲ್ಲಿ ಬಳೆ ಹೋಳಾಗಿಲ್ಲ, ಆದರೆ ಒಳಭಾಗ ಹೊರಭಾಗಗಳು ಬಿಡಿಬಿಡಿ.

2. ಎರಡು ಸಾಲಿನ ಚಕ್ರದ ಬೇರಿಂಗು: ಸಣ್ಣ ವಾಹನಗಳ ಚಕ್ರದಲ್ಲಿರುತ್ತದೆ. ಹೊರಬಳೆ ಒಂದು, ಒಳಬಳೆ ಎರಡು ಹೋಳು, ಎರಡೂ ಬದಿಗೆ ಸೀಲು, ಒಳಗೆ ತಯಾರಕರೇ ತುಂಬಿದ ಗ್ರೀಸು.

3. ಒಳಬಳೆ ಇಬ್ಭಾಗವಾದ ಒಂದು ಸಾಲಿನ ಗುಂಡಿನ ಬೇರಿಂಗು: ಕೆಲವು ಗೇರುಪೆಟ್ಟಿಗೆಗಳಲ್ಲಿ, ಪಂಪುಗಳಲ್ಲಿ ಉಪಯೋಗಿಸುತ್ತಾರೆ.

4. ಉದ್ದಕ್ಕೆ ಸೀಳಿದ ರೋಲರ್ ಬೇರಿಂಗು: ಕಾರ್ಖಾನೆಗಳ ಉದ್ದನೆಯ ಶಾಫ್ಟು, ಸಾಗಣೆ ಪಟ್ಟಿ ಮುಂತಾದ ಕಡೆ ಕಾಣುವಂಥದು. ಒಳಬಳೆ, ಹೊರಬಳೆ, ಪಂಜರ ಮೂರೂ ಎರಡೆರಡು ಹೋಳುಗಳಾಗಿರುತ್ತವೆ.

ಜೋಡಿ ತಪ್ಪಿದರೆ ಆಗುವ ಹಾನಿ

ಬೀಸುವ ಕಲ್ಲಿನ ಮೇಲಿನ ಹೋಳನ್ನು ಒಂದು ಮನೆಯಿಂದ, ಕೆಳಗಿನ ಹೋಳನ್ನು ಇನ್ನೊಂದು ಮನೆಯಿಂದ ತಂದರೆ ಹಿಟ್ಟು ನುಣ್ಣಗಾಗುವುದಿಲ್ಲ. ಬೇರಿಂಗಿನ ಹೋಳುಗಳೂ ಹಾಗೆಯೇ. ಇವುಗಳ ಅಳತೆಯನ್ನು ಮೈಕ್ರಾನ್ ಲೆಕ್ಕದಲ್ಲಿ ನೋಡುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ತಲೆಗೂದಲಿನ ದಪ್ಪವೇ ಸುಮಾರು 50ರಿಂದ 100 ಮೈಕ್ರಾನ್ ಆಗುತ್ತದೆ. ಎರಡು ಹೋಳುಗಳನ್ನು ಮುಖಕ್ಕೆ ಮುಖ ಸೇರಿಸಿದಾಗ ಗುಂಡುಗಳಿಗೆ ಎಷ್ಟು ಸಡಿಲ ಉಳಿಯಬೇಕೋ ಅಷ್ಟೇ ಉಳಿಯುವಂತೆ ಜೋಡಿಯನ್ನು ಒಟ್ಟಿಗೆ ಸಾಣೆ ಹಿಡಿದು ಹೊಂದಿಸಿರುತ್ತಾರೆ. ಬೇರೆ ಬೇರಿಂಗಿನ ಹೋಳು ಬಂದು ಸೇರಿದರೆ ಸಡಿಲ ಹೆಚ್ಚಾಗಿ ಚಕ್ರ ಅಲುಗಾಡಬಹುದು, ಇಲ್ಲವೆ ಬಿಗಿಯಾಗಿ ಬೇರಿಂಗು ಕಾಯಬಹುದು.

ಹೋಳುಗಳು ಬೇರ್ಪಟ್ಟಾಗ ಇನ್ನೂ ಕೆಲವು ತೊಂದರೆಗಳಿವೆ. ಗುಂಡುಗಳು ಉರುಳಿ ಬಿದ್ದು ಎಣಿಕೆ ತಪ್ಪುತ್ತದೆ. ಪಂಜರ ಬಾಗುತ್ತದೆ. ಒಳಗಿನ ಗ್ರೀಸಿಗೆ ಮಣ್ಣಿನ ಕಣ ಅಂಟುತ್ತದೆ. ಹೋಳನ್ನು ಮರಳಿ ತುರುಕುವಾಗ ಸೀಲಿನ ತೆಳುವಾದ ತುಟಿ ಮಡಿಚಿಕೊಳ್ಳುತ್ತದೆ. ಇದು ಹೊರಗಿನಿಂದ ಕಾಣುವುದಿಲ್ಲ. ಮಳೆಗಾಲದಲ್ಲಿ ಆ ಮಡಿಕೆಯಿಂದಲೇ ಕೆಸರುನೀರು ಒಳಸೇರುತ್ತದೆ. ಚಕ್ರದ ಬೇರಿಂಗು ಕಾದು ಒಡೆದರೆ ಚಕ್ರ ಸಿಕ್ಕಿಕೊಳ್ಳಬಹುದು ಅಥವಾ ಕಳಚಬಹುದು. ತುಂಬಿದ ಗಾಡಿ ರಸ್ತೆಯಲ್ಲಿರುವಾಗ ಹೀಗಾದರೆ ಹೋಗುವುದು ಬೇರಿಂಗಿನ ಬೆಲೆಯಷ್ಟೇ ಅಲ್ಲ, ಜೀವಕ್ಕೂ ಅಪಾಯ.

ಕಟ್ಟುಗಳಲ್ಲಿ ಮೂರು ತೆರ

ತಾನೇ ಹೊರಬೀಳುವ ಕಟ್ಟು: ಎರಡು ಸಾಲಿನ ಕೆಲವು ಚಕ್ರದ ಬೇರಿಂಗುಗಳ ತೂತಿನಲ್ಲಿ ತೆಳುವಾದ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಅದರ ತುದಿಗಳಲ್ಲಿರುವ ಅಂಚು ಒಳಬಳೆಯ ಎರಡು ಹೋಳುಗಳನ್ನು ಹಿಡಿದಿಡುತ್ತದೆ. ಶಾಫ್ಟನ್ನು ಒತ್ತಿ ತೂರಿಸಿದಂತೆ ಕೊಳವೆ ಇನ್ನೊಂದು ಕಡೆಯಿಂದ ಹೊರಬರುತ್ತದೆ. ಇದನ್ನು ಮೊದಲೇ ತೆಗೆಯಬಾರದು. ಕೆಲಸ ಮುಗಿದ ಮೇಲೆ ಕೊಳವೆ ಇಡಿಯಾಗಿ ಹೊರಬಂದಿದೆಯೇ ಎಂದು ನೋಡಬೇಕು. ತುಂಡು ಒಳಗೇ ಉಳಿದರೆ ಹೋಳುಗಳು ಪೂರ್ತಿ ಕೂರುವುದಿಲ್ಲ.

ಒಳಗೇ ಉಳಿಯುವ ಕಟ್ಟು: ಕೆಲವದರಲ್ಲಿ ಎರಡು ಹೋಳುಗಳ ಒಳಮೈಯಲ್ಲಿ ಗಾಡಿ ಕೊರೆದು ಅದರಲ್ಲಿ ಲೋಹದ ಅಥವಾ ಪ್ಲಾಸ್ಟಿಕ್ಕಿನ ಬಳೆಯನ್ನು ಕೂರಿಸಿರುತ್ತಾರೆ. ಇದು ಬೇರಿಂಗಿನ ಆಯುಷ್ಯದುದ್ದಕ್ಕೂ ಅಲ್ಲೇ ಇರಬೇಕಾದದ್ದು. ತಡೆಯಾಗಿದೆಯೆಂದು ಉಳಿಯಿಂದ ಎಬ್ಬಿಸಬಾರದು.

ಕೈಯಿಂದ ತೆಗೆಯಬೇಕಾದ ಕಟ್ಟು: ಸಾಗಣೆಗೆಂದೇ ಹಾಕಿದ ತಿರುಪು, ಪಟ್ಟಿ, ತಂತಿ, ಮುಚ್ಚಳ ಮುಂತಾದವು. ಇವನ್ನು ತೆಗೆಯದೆ ಯಂತ್ರ ನಡೆಸಿದರೆ ಬೇರಿಂಗು ಹಾಳಾಗುತ್ತದೆ. ಯಾವ ಹಂತದಲ್ಲಿ ತೆಗೆಯಬೇಕೆಂದು ಪೊಟ್ಟಣದ ಮೇಲೆ ಅಥವಾ ಒಳಗಿನ ಚೀಟಿಯಲ್ಲಿ ಸೂಚಿಸಿದ್ದರೆ ಅದರಂತೆ ನಡೆಯಬೇಕು.

ಯಾವ ತೆರದ ಕಟ್ಟು ಎಂದು ತಿಳಿಯದಿದ್ದರೆ ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಪೇಟೆಯಿಂದ ತರುವಾಗ

ಹಳೆಯ ಬೇರಿಂಗಿನ ಮೇಲೆ ಕೆತ್ತಿದ ಸಂಖ್ಯೆಯನ್ನು ಪೂರ್ತಿಯಾಗಿ ಬರೆದುಕೊಂಡು ಹೋಗಬೇಕು. ಹೊಂದುತ್ತದೆಯೇ ಎಂಬುದನ್ನು ಸಂಖ್ಯೆಯಿಂದ ತಿಳಿಯಬೇಕೇ ಹೊರತು ಪೊಟ್ಟಣ ಒಡೆದು ಬೆರಳು ತೂರಿಸಿ ನೋಡುವುದರಿಂದಲ್ಲ. ಬೆವರಿನ ಕೈ ತಾಗಿದ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ತಯಾರಕರ ಎಣ್ಣೆಕಾಗದ, ಪ್ಲಾಸ್ಟಿಕ್ ಚೀಲ, ರಟ್ಟಿನ ಡಬ್ಬ ಇದ್ದಂತೆಯೇ ಇರಲಿ. ಗೋಣಿಚೀಲದಲ್ಲಿ ಸ್ಪ್ಯಾನರು, ನೇಗಿಲ ಗುಳಗಳ ಜೊತೆ ಹಾಕಿ ತರಬಾರದು. ಬೈಕಿಗೆ ಹಗ್ಗದಿಂದ ಬಿಗಿಯುವುದಕ್ಕಿಂತ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ಮಟ್ಟಸವಾಗಿ ಇಟ್ಟು ತರುವುದು ಮೇಲು. ಮನೆಯಲ್ಲಿ ಗೊಬ್ಬರ, ಔಷಧಿ, ತೇವಗಳಿಂದ ದೂರ ಇಡಬೇಕು. ಕೆಳಗೆ ಬಿದ್ದ ಬೇರಿಂಗನ್ನು ಕೂಡಿಸುವ ಮೊದಲು ತಿಳಿದವರಿಗೆ ತೋರಿಸಬೇಕು.

ಕೂಡಿಸುವಾಗ

ಒತ್ತಡ ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ. ಹೊರಬಳೆಯನ್ನು ಒಳಗೆ ಕೂರಿಸುವಾಗ ಹೊರಬಳೆಯನ್ನೇ ಒತ್ತಬೇಕು. ಒಳಬಳೆಯೊಳಗೆ ಶಾಫ್ಟು ತೂರಿಸುವಾಗ ಒಳಬಳೆಗೇ ಆಧಾರ ಕೊಡಬೇಕು. ಎರಡು ಹೋಳಿನ ಒಳಬಳೆಯಲ್ಲಿ ಈ ನಿಯಮ ತಪ್ಪಿದರೆ ಶಾಫ್ಟು ಆಚೆಯ ಹೋಳನ್ನು ತಳ್ಳಿಕೊಂಡು ಹೋಗಿ ಬೇರಿಂಗು ಬಾಯಿ ತೆರೆಯುತ್ತದೆ. ಆದ್ದರಿಂದ ಆಚೆಯ ಹೋಳಿನ ಕೆಳಗೆ ಅದರಷ್ಟೇ ಅಗಲದ ಕಬ್ಬಿಣದ ಕೊಳವೆಯನ್ನು ಆನಿಸಿ, ನಂತರ ಪ್ರೆಸ್ಸಿನಿಂದ ಒತ್ತಬೇಕು. ಸುತ್ತಿಗೆಯಿಂದ ನೇರವಾಗಿ ಹೊಡೆಯಬಾರದು. ಗುಂಡಿನ ಮೂಲಕ ಸಾಗಿದ ಪೆಟ್ಟು ಓಟದ ದಾರಿಯಲ್ಲಿ ಗುಳಿ ಮಾಡುತ್ತದೆ. ಮುಂದೆ ಬರುವ ಸದ್ದಿಗೆ ಆ ಗುಳಿಯೇ ಮೂಲ.

ಕಾಯಿಸಿ ತೊಡಿಸುವ ಕ್ರಮವೂ ಇದೆ. 40 ಮಿಲಿಮೀಟರ್ ತೂತಿನ ಬಳೆಯ ಶಾಖವನ್ನು 80 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಿದರೆ ತೂತು ಸುಮಾರು 40 ಮೈಕ್ರಾನ್ ಹಿಗ್ಗುತ್ತದೆ. ಒಟ್ಟು ಶಾಖ 110 ಡಿಗ್ರಿ ಮೀರದಂತೆ ನೋಡಿಕೊಳ್ಳಬೇಕು. ಗ್ಯಾಸಿನ ಉರಿಯನ್ನು ಹಿಡಿಯಲೇಬಾರದು. ಸೀಲು, ಗ್ರೀಸು, ಪ್ಲಾಸ್ಟಿಕ್ ಕಟ್ಟು ಇರುವ ಬೇರಿಂಗನ್ನು ಎಣ್ಣೆಯಲ್ಲಿ ಮುಳುಗಿಸಿ ಕಾಯಿಸಬಾರದು. ಇನ್ನೊಂದು ಅಂಶವನ್ನು ಹಲವರು ಗಮನಿಸುವುದಿಲ್ಲ. ಬಳೆ ಆರಿದಂತೆ ಅಗಲದಲ್ಲೂ ಕುಗ್ಗುತ್ತದೆ. ಆಗ ಎರಡು ಹೋಳುಗಳ ನಡುವೆ ಸಂದು ಬೀಳಬಹುದು. ಆದಕಾರಣ ಪೂರ್ತಿ ಆರುವವರೆಗೂ ನಟ್ಟಿನಿಂದ ಅಥವಾ ಪ್ರೆಸ್ಸಿನಿಂದ ಒತ್ತಿ ಹಿಡಿದಿರಬೇಕು.

ಎರಡು ಸಾಲಿನ ಚಕ್ರದ ಬೇರಿಂಗಿನಲ್ಲಿ, ತಾತ್ಕಾಲಿಕ ಕಟ್ಟು ಹೋದ ಮೇಲೆ ಹೋಳುಗಳನ್ನು ಬಿಗಿಯಾಗಿ ಹಿಡಿಯುವುದು ಅಚ್ಚಿನ ನಟ್ಟು. ತಯಾರಕರು ಹೇಳಿದಷ್ಟು ಬಿಗಿಯುವ ಮೊದಲು ವಾಹನವನ್ನು ಜಾಕಿನಿಂದ ಇಳಿಸಿ ಚಕ್ರದ ಮೇಲೆ ಭಾರ ಬಿಡಬಾರದು, ತಳ್ಳಲೂಬಾರದು. ಬಿಗಿಯದ ಹೋಳುಗಳ ಮೇಲೆ ಭಾರ ಬಿದ್ದರೆ ಹೊಸ ಬೇರಿಂಗು ಅಲ್ಲೇ ಕೆಡಬಹುದು.

ಮೊನಚು ರೋಲರಿನ ಬೇರಿಂಗಿನ ಕ್ರಮ ಬೇರೆ. ಚಕ್ರವನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿದು, ನಂತರ ಕೈಪಿಡಿಯಲ್ಲಿ ಹೇಳಿದಷ್ಟು ಹಿಂದಕ್ಕೆ ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ನು ಹಾಕಬೇಕು. ಹಳೆಯ ಕಪ್ಪಿಗೆ ಹೊಸ ಕೋನ್ ಹಾಕುವುದು ಉಳಿತಾಯವಲ್ಲ. ಹಳೆಯ ಕಪ್ಪಿನ ಸವೆತ ಹೊಸ ರೋಲರನ್ನೂ ಬೇಗ ಸವೆಸುತ್ತದೆ.

ಉದ್ದಕ್ಕೆ ಸೀಳಿದ ಬೇರಿಂಗಿನಲ್ಲಿ ಹೋಳುಗಳ ಮೇಲೆ ಜೋಡಿ ಗುರುತು ಇರುತ್ತದೆ. ಗುರುತಿಗೆ ಗುರುತು ಸೇರಿಸಿ, ಎರಡು ಬದಿಯ ತಿರುಪುಗಳನ್ನು ಸ್ವಲ್ಪ ಸ್ವಲ್ಪವಾಗಿ ಸರದಿಯಂತೆ ಬಿಗಿಯಬೇಕು.

ಬಿಚ್ಚಿದ ಬೇರಿಂಗನ್ನು ಮತ್ತೆ ಹಾಕಬೇಕಾದಾಗ

ಗ್ರೀಸು ಬದಲಿಸಲು ಚಕ್ರ ಬಿಚ್ಚಿದಾಗ ಚೆನ್ನಾಗಿರುವ ಮೊನಚು ರೋಲರಿನ ಬೇರಿಂಗನ್ನು ಮರಳಿ ಹಾಕಬಹುದು. ಆದರೆ ಎಡಚಕ್ರದ್ದು ಎಡಕ್ಕೆ, ಬಲಚಕ್ರದ್ದು ಬಲಕ್ಕೇ ಹೋಗಬೇಕು. ಒಟ್ಟಿಗೆ ಓಡಿದ ಕೋನು ಕಪ್ಪುಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಒಂದೇ ಬುಟ್ಟಿಯಲ್ಲಿ ಹಾಕದೆ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ಚೀಟಿ ಕಟ್ಟಬೇಕು. ಉಳಿಯಿಂದ ಗುರುತು ಹೊಡೆಯಬಾರದು.

ಹೋಳುಗಳನ್ನು ಒಟ್ಟಿಗೆ ಹಿಡಿದಿಡಲು ಸುಲಭೋಪಾಯವೊಂದಿದೆ. ತೂತಿನಲ್ಲಿ ಉದ್ದನೆಯ ಬೋಲ್ಟು ತೂರಿಸಿ ಎರಡೂ ಕಡೆ ಅಗಲವಾದ ವಾಷರು ಹಾಕಿ ನಟ್ಟನ್ನು ಬೆರಳಿನಿಂದ ತಿರುಗಿಸಿದಷ್ಟೇ ಬಿಗಿಯಬೇಕು. ಸೆಣಬಿನ ದಾರ ಬೇಡ, ಅದರ ನಾರು ಒಳಗೆ ಉದುರುತ್ತದೆ. ಬಿಡಿ ರೋಲರುಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಲು ಶುದ್ಧವಾದ ಗಟ್ಟಿ ಗ್ರೀಸು ಸಾಕು. ಅಯಸ್ಕಾಂತ ಉಪಯೋಗಿಸಬಾರದು. ಅಯಸ್ಕಾಂತದ ಗುಣ ಹತ್ತಿದ ರೋಲರು ಕಬ್ಬಿಣದ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ.

ಎರಡು ಸಾಲಿನ ಚಕ್ರದ ಬೇರಿಂಗನ್ನು ಹೊರತೆಗೆಯುವಾಗ ಒಳಬಳೆಯ ಒಂದು ಹೋಳು ಹಬ್ಬಿನ ಮೇಲೆಯೇ ಉಳಿದುಬಿಡುವುದು ಸಾಮಾನ್ಯ. ಹಾಗೆ ಬೇರ್ಪಟ್ಟದ್ದನ್ನು ಮತ್ತೆ ಜೋಡಿಸಿ ಉಪಯೋಗಿಸಬಾರದು. ಹೊಸದನ್ನೇ ಹಾಕಬೇಕು.

ಕೊನೆಯ ಪರೀಕ್ಷೆ

ಕೂಡಿಸಿದ ಮೇಲೆ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಬೇಕು. ತಡೆತಡೆದು ತಿರುಗಬಾರದು, ಕರಕರ ಸದ್ದು ಬರಬಾರದು, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕೈಗೆ ಗೊತ್ತಾಗುವಷ್ಟು ಸಡಿಲವಿರಬಾರದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಹಬ್ಬಿನ ಹತ್ತಿರ ಜೋಪಾನವಾಗಿ ಕೈ ತರಬೇಕು. ಒಂದು ಚಕ್ರ ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ ಗಾಡಿಯನ್ನು ಮುಂದೆ ಓಡಿಸದೆ ಬಿಚ್ಚಿ ನೋಡಬೇಕು.

ಬೇರಿಂಗನ್ನು ಪೊಟ್ಟಣದಿಂದ ತೆಗೆಯುವುದು ಕೂಡಿಸುವ ಗಳಿಗೆಯಲ್ಲಿ, ಅದರ ಕಟ್ಟು ಬಿಡುವುದು ಶಾಫ್ಟಿನ ಮೇಲೆ ಹೋಳುಗಳು ಒಂದಾದ ಮೇಲೆ. ಈ ಕ್ರಮಕ್ಕೆ ಹೆಚ್ಚಿನ ಖರ್ಚಿಲ್ಲ, ಸ್ವಲ್ಪ ತಾಳ್ಮೆ ಸಾಕು. ಬಿತ್ತನೆಗೆ ಹದ ಬಂದ ದಿನ ಟ್ರ್ಯಾಕ್ಟರು ನಿಲ್ಲದಂತೆ, ಫಸಲು ಹೊತ್ತ ಗಾಡಿ ದಾರಿಯಲ್ಲಿ ಕೂರದಂತೆ ನೋಡಿಕೊಳ್ಳಲು ಇದು ಬೇಸಾಯಗಾರರ ಕೈಯಲ್ಲೇ ಇರುವ ಉಪಾಯ.