ವಿರೂಪಾಕ್ಷನ ಬಾಗಿಲಲ್ಲಿ ಪೋರ್ಚುಗೀಸ್ ಪ್ರವಾಸಿ

ತಳವಾರಘಟ್ಟದಲ್ಲಿ ಹರಿಗೋಲು ಹತ್ತಿ, ತುಂಗಭದ್ರೆಯನ್ನು ದಾಟಿ ಆನೆಗೊಂದಿಗೆ ಹೋದವರಿಗೆ ಆ ಪಯಣದ ಮೋಜು ಗೊತ್ತು. ಬುಟ್ಟಿಯಂತೆ ದುಂಡಗಿರುವ ಈ ದೋಣಿಗೆ ಹಿಂದು ಮುಂದು ಎಂಬುದಿಲ್ಲ. ಅಂಬಿಗ ಹುಟ್ಟು ಹಾಕಿದಂತೆಲ್ಲ ಅದು ಗಿರಗಿರನೆ ತಿರುಗುತ್ತಲೇ ಆಚೆ ದಡ ಸೇರುತ್ತದೆ. ಸುಮಾರು 500 ವರ್ಷಗಳ ಹಿಂದೆ ಇದೇ ಹೊಳೆಯ ದಡದಲ್ಲಿ ಇದನ್ನೆಲ್ಲ ಗಮನಿಸಿ ಬರೆದಿಟ್ಟ ಪರದೇಶಿಯೊಬ್ಬನಿದ್ದ. ಅವನೇ ಡೊಮಿಂಗೋ ಪೇಸ್.

ಪೇಸ್ ಪೋರ್ಚುಗಲ್ ದೇಶದ ಕ್ಯಾಥೊಲಿಕ್ ಕ್ರೈಸ್ತ. ಸುಮಾರು 1520ರ ವೇಳೆಗೆ, ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಆತ ವಿಜಯನಗರಕ್ಕೆ ಬಂದ. ಆ ಕಾಲದ ವಿಜಯನಗರದ ವೈಭವವನ್ನು ವರ್ಣಿಸುವಾಗ ನಮ್ಮ ಪಠ್ಯಪುಸ್ತಕಗಳು ತಪ್ಪದೆ ಅವನ ಹೆಸರು ಹೇಳುತ್ತವೆ. ಆದರೆ ರಾಜವೈಭವದಷ್ಟೇ ಕುತೂಹಲದ ಇನ್ನೊಂದು ಸಂಗತಿ ಅವನ ಬರಹದಲ್ಲಿದೆ. ಹಿಂದೂಗಳ ಅತಿ ಪವಿತ್ರ ಕ್ಷೇತ್ರವೊಂದರ ಒಳಬಾಗಿಲನ್ನು ದಾಟಿ ಹೋದ ಅನ್ಯಧರ್ಮೀಯನೊಬ್ಬ ತಾನು ಕಂಡದ್ದನ್ನು ಬರೆದ ಬಗೆ ಅದು.

ಪೇಸ್ ಬಂದದ್ದು ಯಾತ್ರಿಕನಾಗಿ ಅಲ್ಲ. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾಗಿತ್ತು. ಅರಬ್ ಮತ್ತು ಪರ್ಷಿಯಾ ಕಡೆಯಿಂದ ಹಡಗುಗಳಲ್ಲಿ ಬರುತ್ತಿದ್ದ ಕುದುರೆಗಳ ವ್ಯಾಪಾರ ಅವರ ಹಿಡಿತದಲ್ಲಿತ್ತು. ದಖನ್ನಿನ ಸುಲ್ತಾನರೊಡನೆ ಸೆಣಸುತ್ತಿದ್ದ ಕೃಷ್ಣದೇವರಾಯನಿಗೆ ಒಳ್ಳೆಯ ಕುದುರೆಗಳು ಬೇಕಿದ್ದವು. ಹೀಗಾಗಿ ಪೋರ್ಚುಗೀಸರಿಗೆ ವಿಜಯನಗರದ ಬಾಗಿಲು ತೆರೆದಿತ್ತು. ಕ್ರಿಸ್ಟೊವಾವೊ ಡಿ ಫಿಗೆರೆಡೊ ಎಂಬ ಕುದುರೆ ವ್ಯಾಪಾರಿ 1520ರ ರಾಯಚೂರು ಮುತ್ತಿಗೆಯಲ್ಲಿ ತನ್ನ ಬಂದೂಕುಧಾರಿಗಳೊಡನೆ ರಾಯನಿಗೆ ನೆರವಾದನೆಂದು ಮತ್ತೊಬ್ಬ ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿದ್ದಾನೆ. ಇದೇ ಫಿಗೆರೆಡೊನನ್ನು ರಾಯ ಬರಮಾಡಿಕೊಂಡಾಗ ಅವನ ಜೊತೆಯಲ್ಲಿ ಪೇಸ್ ಕೂಡ ಇದ್ದ.

ಆನೆಗೊಂದಿಯ ಬಗ್ಗೆ ಪೇಸ್ ಬರೆದಿರುವುದು ಕೆಲವೇ ಸಾಲು. ಆದರೆ ಅದರಲ್ಲಿ ಮುಖ್ಯವಾದುದೆಲ್ಲ ಇದೆ. ಹಿಂದೆ ಇದೇ ರಾಜ್ಯದ ರಾಜಧಾನಿಯಾಗಿತ್ತೆಂದು ಜನ ಹೇಳುತ್ತಾರೆ. ಈಗ ಇಲ್ಲಿರುವವರು ಕೆಲವರೇ. ಕೋಟೆ ಗೋಡೆಗಳು ಇನ್ನೂ ಗಟ್ಟಿಯಾಗಿವೆ. ಊರು ಎರಡು ಬೆಟ್ಟಸಾಲುಗಳ ನಡುವೆ ಇದ್ದು ಎರಡೇ ಬಾಗಿಲುಗಳಿವೆ. ರಾಜನ ಪರವಾಗಿ ಒಬ್ಬ ದಳಪತಿ ಇಲ್ಲಿ ವಾಸವಾಗಿದ್ದಾನೆ ಎಂಬುದು ಅವನ ವರದಿಯ ಸಾರ. ಹರಿಗೋಲನ್ನು ಒಳಗೆ ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿರುತ್ತಾರೆ, ಅದರಲ್ಲಿ 15ರಿಂದ 20 ಜನ ದಾಟಬಹುದು, ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಾರೆ, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತವೆ ಎಂದೂ ತಿಳಿಸಿದ್ದಾನೆ. ಇಂದು ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಉಳಿದಂತೆ ಹರಿಗೋಲು ಹಾಗೆಯೇ ಇದೆ.

ಆನೆಗೊಂದಿಯನ್ನೇ ಗುರುತಾಗಿಟ್ಟುಕೊಂಡು ಪೇಸ್ ಹೊಳೆಯ ಈಚೆಗಿನ ದೇವಾಲಯಗಳತ್ತ ಬರುತ್ತಾನೆ. ಆನೆಗೊಂದಿಗೆ ಎದುರಾಗಿ ಇರುವುದು ವಿಠ್ಠಲನ ಗುಡಿ. ಆದರೆ ಜನ ಎಲ್ಲಕ್ಕಿಂತ ಹೆಚ್ಚು ಭಕ್ತಿಯಿಂದ ಕಾಣುವುದು, ದೂರದಿಂದ ಯಾತ್ರೆ ಬರುವುದು ಇನ್ನೊಂದು ಗುಡಿಗೆ ಎಂದು ಹೇಳುತ್ತಾನೆ. ಅದರ ಮುಖ್ಯದ್ವಾರ ಪೂರ್ವಕ್ಕಿದೆ. ಮುಂದೆ ಉದ್ದನೆಯ ಬೀದಿ, ಬೀದಿಯ ಎರಡೂ ಬದಿಗೆ ಯಾತ್ರಿಕರು ಇಳಿದುಕೊಳ್ಳುವ ಮನೆಗಳು. ಇದು ವಿರೂಪಾಕ್ಷ ದೇವಾಲಯ ಮತ್ತು ಹಂಪಿ ಬಜಾರು ಎಂಬುದನ್ನು ಅಲ್ಲಿಗೆ ಹೋದವರಿಗೆ ಬೇರೆಯಾಗಿ ಹೇಳಬೇಕಿಲ್ಲ. ತನ್ನ ಪಟ್ಟಾಭಿಷೇಕದ ಸಂದರ್ಭಕ್ಕೆ ಕೃಷ್ಣದೇವರಾಯ ಕಟ್ಟಿಸಿದ ರಂಗಮಂಟಪದ ಶಾಸನ 1510ರದು. ಎಂದರೆ ಪೇಸ್ ಬರುವಾಗ ಆ ಮಂಟಪಕ್ಕೆ ಇನ್ನೂ ಹತ್ತು ಹನ್ನೆರಡು ವರ್ಷ ವಯಸ್ಸು.

ಗರ್ಭಗುಡಿಯ ಕಡೆಗಿನ ಬಾಗಿಲಲ್ಲಿ ಕಾವಲುಗಾರರಿದ್ದರು. ಪೂಜೆಯ ಹೊಣೆ ಹೊತ್ತ ಬ್ರಾಹ್ಮಣರನ್ನು ಬಿಟ್ಟು ಬೇರೆ ಯಾರನ್ನೂ ಅವರು ಒಳಗೆ ಬಿಡುತ್ತಿರಲಿಲ್ಲ. ತಾನು ಅವರ ಕೈಗೆ ಏನೋ ಕೊಟ್ಟಿದ್ದರಿಂದ ತನ್ನನ್ನು ಬಿಟ್ಟರೆಂದು ಪೇಸ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಕೊಟ್ಟದ್ದು ಎಷ್ಟೆಂಬುದನ್ನು ಮಾತ್ರ ಹೇಳಿಲ್ಲ. ಎಷ್ಟೋ ಹರದಾರಿ ನಡೆದು ಬಂದ ಯಾತ್ರಿಕರು ಹೊರಗೇ ಕೈಮುಗಿದು ಮರಳುತ್ತಿದ್ದ ಬಾಗಿಲನ್ನು, ಆ ದೇವರಲ್ಲಿ ನಂಬಿಕೆಯೇ ಇಲ್ಲದ ಒಬ್ಬ ಪರದೇಶಿ ದಾಟಿದ ಹಾಗಾಯಿತು. ಇದರಲ್ಲಿ ಮೆಚ್ಚತಕ್ಕದ್ದೇನೂ ಇಲ್ಲ. ಆದರೆ ಒಳಗೆ ಹೋದವನು ಕಣ್ತೆರೆದು ನೋಡಿದ ಎಂಬುದೂ ಅಷ್ಟೇ ನಿಜ.

ಮುಖ್ಯ ದೇವರು ಯಾವ ಆಕಾರವೂ ಇಲ್ಲದ ಒಂದು ದುಂಡು ಕಲ್ಲು, ಅದರ ಮೇಲೆ ಜನರಿಗೆ ಅಪಾರ ಭಕ್ತಿ ಎನ್ನುತ್ತಾನೆ. ಗುಡಿಯ ಹೊರಮೈಗೆ ಚಿನ್ನದ ನೀರು ಕೊಟ್ಟ ತಾಮ್ರದ ಹೊದಿಕೆ ಇತ್ತಂತೆ. ಹಿಂಭಾಗದಲ್ಲಿ ಬಿಳಿಯ ಕಲ್ಲಿನ ಚಿಕ್ಕ ಮೂರ್ತಿಯೊಂದನ್ನು ಕಂಡ. ಅದಕ್ಕೆ ಆರು ಕೈ, ಒಂದು ಕೈಯಲ್ಲಿ ಕತ್ತಿ, ಕಾಲಡಿಯಲ್ಲಿ ಕೋಣ, ಆ ಕೋಣವನ್ನು ಕೊಲ್ಲಲು ನೆರವಾಗುತ್ತಿರುವ ದೊಡ್ಡದೊಂದು ಪ್ರಾಣಿ. ಅಲ್ಲಿ ಸದಾ ತುಪ್ಪದ ದೀಪ ಉರಿಯುತ್ತಿತ್ತು. ಲಿಂಗ ಎಂಬ ಹೆಸರಾಗಲಿ, ಮಹಿಷಾಸುರಮರ್ದಿನಿ ಎಂಬ ಹೆಸರಾಗಲಿ ಅವನ ಬರಹದಲ್ಲಿಲ್ಲ. ಆದರೂ ಅವನು ನೋಡಿದ್ದು ಏನೆಂದು ಕನ್ನಡದ ಓದುಗರು ತಟ್ಟನೆ ಗುರುತಿಸಬಲ್ಲರು. ಕಂಡದ್ದನ್ನು ಕಂಡಂತೆ ಹೇಳಿದ್ದರ ಫಲ ಇದು.

ಬರುವ ದಾರಿಯಲ್ಲಿ ‘ದರ್ಚ’ ಎಂದು ತಾನು ಕರೆದ ಊರಿನಲ್ಲಿ ಆತ ಆನೆಯ ಮುಖದ ದೇವರನ್ನೂ ನೋಡಿದ್ದ. ಆ ಮೂರ್ತಿಯ ಆರು ತೋಳುಗಳಲ್ಲಿ ನಾಲ್ಕು ಆಗಲೇ ಬಿದ್ದುಹೋಗಿದ್ದವು. ಉಳಿದವೂ ಬಿದ್ದ ದಿನ ಪ್ರಳಯವಾಗುತ್ತದೆಂದು ಅಲ್ಲಿನ ಜನ ನಂಬಿದ್ದರು. ಈ ನಂಬಿಕೆಯನ್ನು ಪೇಸ್ ಒಪ್ಪಿದ ಎನ್ನುವಂತಿಲ್ಲ. ಆದರೆ ಗೇಲಿ ಮಾಡದೆ, ಜನ ಹೇಳಿದ್ದನ್ನು ಜನರ ಮಾತಾಗಿಯೇ ದಾಖಲಿಸಿದ. ಬೆಟ್ಟ ಹತ್ತಿ ವಿಜಯನಗರವನ್ನು ನೋಡಿದಾಗ, ಕಣ್ಣಿಗೆ ಬಿದ್ದಷ್ಟೇ ಭಾಗವೂ ರೋಮ್‌ನಷ್ಟು ದೊಡ್ಡದಾಗಿ ತೋರಿತೆಂದು ಬರೆದ. ಕ್ಯಾಥೊಲಿಕರಿಗೆ ರೋಮ್ ಪೋಪ್ ಇರುವ ಪವಿತ್ರ ನಗರ. ಅಂಥವನು ಹೋಲಿಕೆಗೆ ಆ ಊರನ್ನೇ ಆರಿಸಿಕೊಂಡದ್ದು ಸಣ್ಣ ಮಾತಲ್ಲ.

ಈ ಬರಹದ ಬೆಲೆ ತಿಳಿಯಬೇಕಾದರೆ ಮುಂದೆ ನಡೆದದ್ದನ್ನು ನೆನೆಯಬೇಕು. ಪೇಸ್ ಬಂದು ಸುಮಾರು 20 ವರ್ಷಗಳಾದ ಮೇಲೆ, 1540ರಲ್ಲಿ, ಗೋವಾ ದ್ವೀಪದ ದೇವಾಲಯಗಳನ್ನು ಪೋರ್ಚುಗೀಸ್ ಆಡಳಿತ ಕೆಡವಿಸಿತು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಬಂತು. ಇತ್ತ 1565ರ ಯುದ್ಧದಲ್ಲಿ ವಿಜಯನಗರ ಸೋತು, ರಾಜಧಾನಿ ಹಾಳಾಯಿತು. 1567ರಲ್ಲಿ ಬಂದ ವೆನಿಸ್‌ನ ವ್ಯಾಪಾರಿ ಸೀಸರ್ ಫ್ರೆಡರಿಕ್ ಇಲ್ಲಿ ಏಳು ತಿಂಗಳಿದ್ದ. ಮನೆಗಳು ನಿಂತಿದ್ದರೂ ಬರಿದಾಗಿವೆ, ಅವುಗಳಲ್ಲಿ ಹುಲಿ ಮೊದಲಾದ ಕಾಡುಮೃಗಗಳು ಸೇರಿಕೊಂಡಿವೆ ಎಂದು ಆತ ಬರೆದ. ಒಬ್ಬ ಕ್ಯಾಥೊಲಿಕನು ವಿರೂಪಾಕ್ಷನ ಗುಡಿಯನ್ನು ಅದರ ಪೂರ್ಣ ವೈಭವದಲ್ಲಿ, ದ್ವೇಷವಿಲ್ಲದೆ ನೋಡಿ ಬರೆಯಲು ಸಾಧ್ಯವಿದ್ದ ಕಾಲ ಬಹಳ ಚಿಕ್ಕದು. ಪೇಸ್ ಆ ಕಾಲದಲ್ಲಿ ಬಂದಿದ್ದ.

ಅವನ ಬರಹಕ್ಕೆ ಓದುಗರು ಸಿಕ್ಕಿದ್ದು ಮಾತ್ರ ತೀರ ತಡವಾಗಿ. ಗೋವಾದಿಂದ ಪೋರ್ಚುಗಲ್‌ಗೆ ಹೋದ ಅದರ ಹಸ್ತಪ್ರತಿ ಕೊನೆಗೆ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯ ಸೇರಿತ್ತು. 1897ರಲ್ಲಿ ಡೇವಿಡ್ ಲೋಪೆಸ್ ಎಂಬ ವಿದ್ವಾಂಸ ಅದನ್ನು ಲಿಸ್ಬನ್‌ನಲ್ಲಿ ಪ್ರಕಟಿಸಿದರು. ಮದ್ರಾಸ್ ಸಿವಿಲ್ ಸರ್ವೀಸ್‌ನ ಅಧಿಕಾರಿಯಾಗಿದ್ದ ರಾಬರ್ಟ್ ಸೆವೆಲ್ 1900ರಲ್ಲಿ ಹೊರತಂದ ‘ಎ ಫರ್ಗಾಟನ್ ಎಂಪೈರ್’ ಗ್ರಂಥದಲ್ಲಿ ಅದರ ಇಂಗ್ಲಿಷ್ ಅನುವಾದ ಬಂತು. ಹಾಳು ಬಿದ್ದ ಕಲ್ಲುಗಳ ನಡುವೆ ಒಂದು ಕಾಲಕ್ಕೆ ಜನ ಹೇಗೆ ಬಾಳಿದ್ದರೆಂಬುದು ಆಗ ನಾಡಿಗೆ ವಿವರವಾಗಿ ತಿಳಿಯಿತು.

ಇಂದು ವಿರೂಪಾಕ್ಷನ ಪೂಜೆ ನಡೆಯುತ್ತಲೇ ಇದೆ. ಆನೆಗೊಂದಿಯ ಬಳಿ ಹೊಳೆಯ ನಡುಗಡ್ಡೆಯಲ್ಲಿರುವ ನವವೃಂದಾವನಕ್ಕೆ ಯಾತ್ರಿಕರು ನೀರು ದಾಟಿಯೇ ಹೋಗುತ್ತಾರೆ. ಕೃಷ್ಣದೇವರಾಯ ಗುರುವೆಂದು ಗೌರವಿಸಿದ, 1539ರಲ್ಲಿ ತೀರಿಕೊಂಡ ವ್ಯಾಸರಾಯರ ವೃಂದಾವನ ಇರುವುದೂ ಅಲ್ಲಿಯೇ. ಹಂಪಿ, ಆನೆಗೊಂದಿಗಳಿಗೆ ಈಗ ಎಲ್ಲ ದೇಶಗಳ, ಎಲ್ಲ ಮತಗಳ ಜನ ಬರುತ್ತಾರೆ. ಅವರಲ್ಲಿ ಭಕ್ತರೂ ಉಂಟು, ಬರಿಯ ಪ್ರವಾಸಿಗಳೂ ಉಂಟು. ತನ್ನದಲ್ಲದ ಕ್ಷೇತ್ರಕ್ಕೆ ಹೋದವನು ಹೇಗೆ ನೋಡಬೇಕು ಎಂಬ ಪ್ರಶ್ನೆ ಬಂದಾಗ ಪೇಸ್‌ನ ಬರಹವನ್ನು ನೆನೆಯಬಹುದು. ಕಾವಲುಗಾರನ ಕೈ ಬೆಚ್ಚಗೆ ಮಾಡಿದ್ದನ್ನು ಬಿಟ್ಟು, ಉಳಿದುದನ್ನು ಅವನಿಂದ ಕಲಿಯಲು ಅಡ್ಡಿಯಿಲ್ಲ.