ತುಕ್ಕಿನ ತೇಪೆ ದುರಸ್ತಿ (ಹಳೆಯ ಕಾರುಗಳು)

ತುಕ್ಕಿನ ತೇಪೆ ದುರಸ್ತಿ ಎಂದರೆ ಹಳೆಯ ಕಾರುಗಳ ಉಕ್ಕಿನ ಒಡಲಿನಲ್ಲಿ ತುಕ್ಕಿನಿಂದಾದ ರಂಧ್ರಗಳನ್ನು ಪುಟ್ಟಿ, ಗಾಜಿನೆಳೆ, ತಗಡಿನ ಚೂರು, ಡಾಂಬರು ಮೊದಲಾದವುಗಳಿಂದ ಮುಚ್ಚಿ, ಮೇಲೆ ಬಣ್ಣ ಬಳಿಯುವ ಕ್ರಮ. ಇದರಲ್ಲಿ ಸವೆದ ಲೋಹವನ್ನು ಕತ್ತರಿಸಿ ತೆಗೆಯುವುದಿಲ್ಲ. ಅದನ್ನು ಕಣ್ಣಿಗೆ ಬೀಳದಂತೆ ಮರೆಮಾಡಲಾಗುತ್ತದೆ. ಹಳೆಯ ಕಾರನ್ನು ಕೊಂಡವರು ಅಥವಾ ಅದನ್ನು ಜೀರ್ಣೋದ್ಧಾರಕ್ಕೆ ಬಿಚ್ಚಿದವರು ಇಂತಹ ತೇಪೆಗಳನ್ನು ವರ್ಷಗಳ ಬಳಿಕ ಪತ್ತೆಹಚ್ಚುವುದು ಸಾಮಾನ್ಯ. ಆಧುನಿಕ ಕಾರುಗಳಲ್ಲಿ ಒಡಲಿನ ತಗಡೇ ಭಾರವನ್ನು ಹೊರುವುದರಿಂದ, ಈ ಬಗೆಯ ದುರಸ್ತಿ ಅಂದದ ಪ್ರಶ್ನೆಯಾಗಿರದೆ ಪ್ರಯಾಣಿಕರ ಸುರಕ್ಷತೆಯ ಪ್ರಶ್ನೆಯಾಗಿದೆ.

ಹಿನ್ನೆಲೆ

ಆರಂಭದ ಕಾರುಗಳಲ್ಲಿ ಏಣಿಯಾಕಾರದ ದಪ್ಪ ಉಕ್ಕಿನ ಚೌಕಟ್ಟು ಎಲ್ಲ ಭಾರವನ್ನೂ ಹೊರುತ್ತಿತ್ತು. ಎಂಜಿನ್, ಚಕ್ರಗಳು ಮತ್ತು ಮೇಲಿನ ಒಡಲು ಈ ಚೌಕಟ್ಟಿಗೆ ಸೇರಿಕೊಂಡಿರುತ್ತಿದ್ದವು. ಒಡಲಿನ ತಗಡು ತೂತಾದರೂ ಚೌಕಟ್ಟು ಗಟ್ಟಿಯಾಗಿದ್ದರೆ ವಾಹನದ ಬಲಕ್ಕೆ ಹೆಚ್ಚಿನ ಕುಂದು ಬರುತ್ತಿರಲಿಲ್ಲ.

1922ರಲ್ಲಿ ಇಟಲಿಯ ಲಾನ್ಸಿಯಾ ಲಾಂಬ್ಡಾ, 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಟ್ರಾಕ್ಷನ್ ಅವಾಂ ಕಾರುಗಳು ಪ್ರತ್ಯೇಕ ಚೌಕಟ್ಟನ್ನು ಕೈಬಿಟ್ಟು ಒಡಲನ್ನೇ ಚೌಕಟ್ಟಾಗಿಸಿದವು. ಈ ರಚನೆಗೆ ಮೊನೊಕಾಕ್ ಎಂದು ಹೆಸರು. ಎರಡನೆಯ ಮಹಾಯುದ್ಧದ ನಂತರ ಮಾರಿಸ್ ಮೈನರ್ (1948), ಮಿನಿ (1959) ಮುಂತಾದ ಜನಸಾಮಾನ್ಯರ ಕಾರುಗಳೂ ಇದನ್ನು ಅನುಸರಿಸಿದವು. ಇದರಿಂದ ಕಾರು ಹಗುರವೂ ಅಗ್ಗವೂ ಆಯಿತು. ಆದರೆ ಹಿಂದೆ ದಪ್ಪ ತೊಲೆಗಳು ಹೊರುತ್ತಿದ್ದ ಭಾರ ಈಗ ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡುಗಳನ್ನು ಮಡಚಿ, ಬೆಸೆದು ಮಾಡಿದ ಪೆಟ್ಟಿಗೆಗಳ ಮೇಲೆ ಬಿತ್ತು. ಇಂತಹ ಪೆಟ್ಟಿಗೆಗಳಲ್ಲಿ ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ‘ಸಿಲ್’ ಅತಿಮುಖ್ಯವಾದುದು. ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ಬೆನ್ನೆಲುಬು ಇದು. ತುಕ್ಕು ಮೊದಲು ತಗಲುವ ಭಾಗಗಳಲ್ಲಿಯೂ ಇದು ಒಂದು.

ತುಕ್ಕು ಹಿಡಿಯುವ ಬಗೆ

ಕಬ್ಬಿಣವು ನೀರು ಮತ್ತು ಆಮ್ಲಜನಕಗಳ ಸಂಪರ್ಕದಲ್ಲಿ ಜಲಯುಕ್ತ ಕಬ್ಬಿಣದ ಆಕ್ಸೈಡ್ ಆಗಿ ಮಾರ್ಪಡುವುದೇ ತುಕ್ಕು. ಇದು ವಿದ್ಯುದ್ರಾಸಾಯನಿಕ ಕ್ರಿಯೆ. ನೀರಿನಲ್ಲಿ ಉಪ್ಪು ಕರಗಿದ್ದರೆ ವಿದ್ಯುತ್ ವಾಹಕತೆ ಹೆಚ್ಚಿ ಕ್ರಿಯೆ ಚುರುಕಾಗುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಬ್ರಿಟನ್ನಿನಂತಹ ದೇಶಗಳಲ್ಲಿ ಹಳೆಯ ಕಾರುಗಳು ಬೇಗ ಸವೆಯಲು ಇದೇ ಕಾರಣ.

ಅಲ್ಯೂಮಿನಿಯಂ ಮೇಲೆ ಮೂಡುವ ಆಕ್ಸೈಡ್ ಪದರ ಒಳಗಿನ ಲೋಹವನ್ನು ಕಾಪಾಡುತ್ತದೆ. ತುಕ್ಕಿಗೆ ಆ ಗುಣವಿಲ್ಲ. ಅದು ಸಡಿಲವೂ ರಂಧ್ರಮಯವೂ ಆಗಿರುವುದರಿಂದ ನೀರನ್ನು ಹೀರಿ ಒಳಗಿನ ಲೋಹಕ್ಕೆ ತಲುಪಿಸುತ್ತಲೇ ಇರುತ್ತದೆ. ಮೂಲ ಲೋಹಕ್ಕಿಂತ ಹೆಚ್ಚು ಜಾಗ ಆಕ್ರಮಿಸುವುದರಿಂದ ಬಣ್ಣವನ್ನು ಉಬ್ಬಿಸುತ್ತದೆ, ಒಂದರ ಮೇಲೊಂದು ಕೂಡಿಸಿದ ತಗಡುಗಳನ್ನು ಬಿರಿಯುವಂತೆ ಮಾಡುತ್ತದೆ. ಸಿಲ್‌ನಂತಹ ಟೊಳ್ಳು ಪೆಟ್ಟಿಗೆಗಳು ಒಳಗಿನಿಂದ ಸವೆಯುತ್ತವೆ. ಹೊರಗೆ ಒಂದು ಗುಳ್ಳೆ ಕಾಣುವ ವೇಳೆಗೆ ಒಳಗೆ ಅಂಗೈಯಗಲದಷ್ಟು ಲೋಹ ನಾಶವಾಗಿರುವುದುಂಟು.

ತೇಪೆಯ ವಿಧಗಳು

ಹಳೆಯ ಕಾರುಗಳನ್ನು ಬಿಚ್ಚಿದಾಗ ಕಂಡುಬರುವ ತೇಪೆಗಳಲ್ಲಿ ಕೆಳಗಿನವು ಮುಖ್ಯ.

ಪುಟ್ಟಿ: ಪಾಲಿಯೆಸ್ಟರ್ ರಾಳ ಮತ್ತು ಖನಿಜದ ಪುಡಿಯ ಮಿಶ್ರಣ. ಗಟ್ಟಿ ಲೋಹದ ಮೇಲಿನ ಸಣ್ಣ ತಗ್ಗನ್ನು ಸಮಮಾಡಲು ಇದು ಯೋಗ್ಯ. ರಂಧ್ರ ಮುಚ್ಚಲು ಬಳಸಿದಾಗ ಅದಕ್ಕೆ ಆಧಾರ ಬೇಕಾಗುವುದರಿಂದ ಹಿಂದೆ ಸುದ್ದಿಪತ್ರಿಕೆಯ ಉಂಡೆ, ಬಟ್ಟೆ ಅಥವಾ ತಂತಿಬಲೆ ತುರುಕಿರುತ್ತಾರೆ. ಪತ್ರಿಕೆಯ ದಿನಾಂಕವನ್ನು ನೋಡಿ ತೇಪೆಯ ಕಾಲವನ್ನು ಗುರುತಿಸಲು ಸಾಧ್ಯವಾಗುವುದೂ ಉಂಟು.

ಗಾಜಿನೆಳೆ: ರಾಳದಲ್ಲಿ ಅದ್ದಿದ ಗಾಜಿನೆಳೆಯ ಹಾಸು. ಗಟ್ಟಿಯಾಗಿ ಕಂಡರೂ ತುಕ್ಕುಹಿಡಿದ ಅಂಚಿಗೆ ನಿಲ್ಲುವುದಿಲ್ಲ. ಅಂಚಿನ ತುಕ್ಕು ಮುಂದುವರಿದಂತೆ ಇಡೀ ತುಂಡು ಸಡಿಲಗೊಳ್ಳುತ್ತದೆ.

ರಿವೆಟ್ ಹೊಡೆದ ತಗಡು: ಡಬ್ಬದ ತಗಡನ್ನೋ ಅಲ್ಯೂಮಿನಿಯಂ ಹಾಳೆಯನ್ನೋ ರಂಧ್ರದ ಮೇಲಿಟ್ಟು ರಿವೆಟ್ ಹೊಡೆದು ಪುಟ್ಟಿ ಬಳಿಯುವುದು. ಉಕ್ಕಿಗೆ ಅಲ್ಯೂಮಿನಿಯಂ ತಾಗಿದಲ್ಲಿ ತೇವ ಸೇರಿದರೆ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಹೊಸದೊಂದು ಸವೆತ ಆರಂಭವಾಗುತ್ತದೆ.

ಮೇಲುತಗಡು: ಕೊಳೆತ ಸಿಲ್ ಅನ್ನು ತೆಗೆಯದೆ ಅದರ ಮೇಲೆಯೇ ಹೊಸ ಸಿಲ್ ಅನ್ನು ಬೆಸೆಯುವುದು. ಬೆಸುಗೆ ಇರುವುದರಿಂದ ಇದು ಪ್ರಾಮಾಣಿಕ ಕೆಲಸದಂತೆ ತೋರುತ್ತದೆ. ಆದರೆ ಹೊಸ ತಗಡು ಆತುಕೊಂಡಿರುವುದು ಹಳೆಯ ತುಕ್ಕಿಗೆ. ಎರಡರ ನಡುವೆ ಸಿಲುಕಿದ ತೇವ ಎರಡನ್ನೂ ತಿನ್ನುತ್ತದೆ.

ನೊರೆ: ಸಿಲ್‌ನೊಳಗೆ ಪಾಲಿಯುರೆಥೇನ್ ನೊರೆ ತುಂಬುವುದು. ತೇವ ಅಲ್ಲಿ ಹೊರಹೋಗದೆ ನಿಲ್ಲುತ್ತದೆ. ಮುಂದೆ ಯಾರಾದರೂ ಅರಿಯದೆ ಅಲ್ಲಿ ಬೆಸುಗೆ ಹಾಕಿದರೆ ನೊರೆ ಹೊತ್ತಿಕೊಂಡು ವಿಷಾನಿಲ ಹೊರಡುತ್ತದೆ.

ಡಾಂಬರು ಲೇಪ: ಕಾರಿನ ತಳಕ್ಕೆ ದಪ್ಪವಾಗಿ ಬಳಿಯುವ ಕಪ್ಪು ಲೇಪ. ಶುದ್ಧ ಲೋಹದ ಮೇಲೆ ಇದು ರಕ್ಷಣೆ, ತುಕ್ಕಿನ ಮೇಲೆ ಮರೆ.

ತೇಪೆಯಿಂದಾಗುವ ಹಾನಿ

ತೇಪೆಯ ಮೊದಲ ದೋಷವೆಂದರೆ ಅದು ಭಾರ ಹೊರುವುದಿಲ್ಲ. ತೇಪೆಯೊಳಗಿರುವ ಸಿಲ್ ಅಥವಾ ನೆಲದ ತಗಡು ನಿತ್ಯದ ಓಡಾಟದಲ್ಲಿ ನಿಂತಂತೆ ಕಂಡರೂ ಅಪಘಾತದಲ್ಲಿ ಬಲವನ್ನು ಹಂಚುವ ಬದಲು ಮಡಚಿಕೊಳ್ಳುತ್ತದೆ. ಸೀಟು ಪಟ್ಟಿಯ ಬೋಲ್ಟು ಸವೆದ ತಗಡಿನಲ್ಲಿ ನಿಂತಿದ್ದರೆ, ಪಟ್ಟಿ ಎಷ್ಟು ಗಟ್ಟಿಯಾಗಿದ್ದರೂ ವ್ಯರ್ಥ.

ಎರಡನೆಯ ದೋಷ, ತೇಪೆ ತುಕ್ಕನ್ನು ನಿಲ್ಲಿಸುವುದಿಲ್ಲ. ಬಹುಪಾಲು ಅದನ್ನು ಹೆಚ್ಚಿಸುತ್ತದೆ. ಪುಟ್ಟಿ ತೇವವನ್ನು ಹೀರುತ್ತದೆ. ಸಿಲ್‌ನ ತಳದಲ್ಲಿ ನೀರು ಹೊರಹೋಗಲು ಇಟ್ಟಿರುವ ರಂಧ್ರಗಳು ತೇಪೆಯಿಂದ ಮುಚ್ಚಿಹೋಗುತ್ತವೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕಣ್ಣಿಗೆ ಕಾಣುವ ರಂಧ್ರ ಮಾಲೀಕನನ್ನು ಎಚ್ಚರಿಸುತ್ತದೆ. ಮುಚ್ಚಿದ ರಂಧ್ರ ಆ ಎಚ್ಚರಿಕೆಯನ್ನೇ ಕಸಿಯುತ್ತದೆ. ತೇಪೆ ಹಾಕಿಸಿದವನಿಗೆ ಒಳಗಿನ ಸ್ಥಿತಿ ತಿಳಿದಿರುತ್ತದೆ, ಆದರೆ ಕಾರು ಕೈಬದಲಾದಾಗ ಆ ತಿಳಿವಳಿಕೆ ಅದರೊಂದಿಗೆ ಹೋಗುವುದಿಲ್ಲ. ‘ಮೇಲೆ ಥಳುಕು, ಒಳಗೆ ಹುಳುಕು’ ಎಂಬ ಗಾದೆಯ ಅಪಾಯವನ್ನು ಅನುಭವಿಸುವವನು ಹುಳುಕನ್ನು ಮುಚ್ಚಿದವನಲ್ಲ, ಅದನ್ನು ನಂಬಿ ಕೊಂಡವನು.

ಕೆಲವು ಉದಾಹರಣೆಗಳು

ಎಂಜಿಬಿ (1962–1980): ಬ್ರಿಟನ್ನಿನ ಈ ಕಾರಿನ ತೆರೆದ ಮಾದರಿಗೆ ಲೋಹದ ಛಾವಣಿ ಇಲ್ಲ. ಆದ್ದರಿಂದ ಬಾಗುವ ಬಲವನ್ನು ತಡೆಯುವ ಹೊಣೆ ಬಹುಮಟ್ಟಿಗೆ ಸಿಲ್‌ಗಳದ್ದು. ಸಿಲ್‌ನಲ್ಲಿ ಒಳತಗಡು, ನಡುತಗಡು, ಹೊರತಗಡು ಎಂಬ ಮೂರು ಪದರಗಳಿವೆ. ಹೊರತಗಡು ಚಕ್ರದ ಮೇಲಿನ ರೆಕ್ಕೆಯ ಹಿಂದಕ್ಕೂ ಚಾಚಿಕೊಂಡಿದೆ. ಕಾಣುವಷ್ಟು ಹೊರತಗಡನ್ನು ಮಾತ್ರ ಬದಲಿಸಿ, ಒಳಗಿನ ಎರಡನ್ನು ಹಾಗೆಯೇ ಬಿಡುವುದು ಇದರಲ್ಲಿ ಕಂಡುಬರುವ ಪರಿಚಿತ ತೇಪೆ.

ಮಿನಿ (1959–2000): ಕಿರಿದಾದ ಮೂಲ ಸಿಲ್‌ನ ಮೇಲೆ ಅಗಲವಾದ ಮೇಲುಸಿಲ್ ಅನ್ನು ಬೆಸೆದು ನೆಲದ ಕೊಳೆತ ಅಂಚನ್ನೂ ಒಟ್ಟಿಗೆ ಮುಚ್ಚುವುದು ಇದರಲ್ಲಿ ಸಾಮಾನ್ಯ. ಹಿಂದಿನ ಚಕ್ರಗಳನ್ನು ಹಿಡಿದಿರುವ ಉಕ್ಕಿನ ಉಪಚೌಕಟ್ಟೂ ಸುಲಭವಾಗಿ ತುಕ್ಕು ಹಿಡಿಯುತ್ತದೆ. ಉಪಚೌಕಟ್ಟನ್ನು ಬದಲಿಸಿದರೂ, ಅದು ಸೇರುವ ಒಡಲಿನ ತಗಡು ಗಟ್ಟಿಯಾಗಿಲ್ಲದಿದ್ದರೆ ಪ್ರಯೋಜನವಿಲ್ಲ.

ಫೋಕ್ಸ್‌ವ್ಯಾಗನ್ ಬೀಟಲ್: ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲಿರುವುದರಿಂದ ಆಮ್ಲ ಸೋರಿ ನೆಲದ ತಗಡು ಸವೆಯುತ್ತದೆ. ಬಿಸಿಗಾಳಿ ಹಾಯುವ ಪಕ್ಕದ ಕೊಳವೆಗಳು ಒಡಲಿಗೆ ಬಲ ಕೊಡುವ ಸಿಲ್‌ಗಳೂ ಆಗಿವೆ.

ಲ್ಯಾಂಡ್ ರೋವರ್: 1948ರಲ್ಲಿ ಬಂದ ಈ ವಾಹನದ ಹೊರತಗಡು ಅಲ್ಯೂಮಿನಿಯಂ ಮಿಶ್ರಲೋಹದ್ದಾದ್ದರಿಂದ ಅದು ಕೆಂಪು ತುಕ್ಕು ಹಿಡಿಯುವುದಿಲ್ಲ. ಇದನ್ನು ನಂಬಿ ಕೆಳಗಿನ ಉಕ್ಕಿನ ಚೌಕಟ್ಟನ್ನು ಮರೆಯುವವರುಂಟು. ಚೌಕಟ್ಟಿನ ಹಿಂದಿನ ಅಡ್ಡತೊಲೆಯ ಮೇಲೆ ತೇಪೆಯ ಮೇಲೆ ತೇಪೆ ಕೂತಿರುವುದು ಅಪರೂಪವಲ್ಲ.

ಬ್ರಿಟನ್ನಿನ ಪರೀಕ್ಷಾ ನಿಯಮಗಳು

ಗ್ರೇಟ್ ಬ್ರಿಟನ್ನಿನಲ್ಲಿ ಹಳೆಯ ವಾಹನಗಳ ಕಡ್ಡಾಯ ಪರೀಕ್ಷೆ 1960ರಲ್ಲಿ ಆರಂಭವಾಯಿತು. ಅಂದಿನ ಸಾರಿಗೆ ಸಚಿವಾಲಯದ ಹೆಸರಿನಿಂದ ಇದು ಎಂಓಟಿ ಪರೀಕ್ಷೆ ಎಂದೇ ಪ್ರಸಿದ್ಧ. ಮೊದಲಿಗೆ ಹತ್ತು ವರ್ಷ ಮೀರಿದ ವಾಹನಗಳ ಬ್ರೇಕು, ದೀಪ ಮತ್ತು ಸ್ಟಿಯರಿಂಗ್‌ಗಳನ್ನು ಮಾತ್ರ ಪರೀಕ್ಷಿಸಲಾಗುತ್ತಿತ್ತು. 1967ರಲ್ಲಿ ಅವಧಿಯನ್ನು ಮೂರು ವರ್ಷಕ್ಕೆ ಇಳಿಸಲಾಯಿತು. 1977ರಲ್ಲಿ ಒಡಲು ಮತ್ತು ಚೌಕಟ್ಟಿನ ಸ್ಥಿತಿಯೂ ಪರೀಕ್ಷೆಗೆ ಸೇರಿತು.

ಸೀಟು ಪಟ್ಟಿ, ಸಸ್ಪೆನ್ಷನ್, ಸ್ಟಿಯರಿಂಗ್ ಮುಂತಾದವು ಒಡಲಿಗೆ ಸೇರುವ ಬಿಂದುವಿನಿಂದ 30 ಸೆಂಟಿಮೀಟರ್ ಒಳಗೆ ಇರುವ ಭಾರ ಹೊರುವ ಲೋಹ ಗಟ್ಟಿಯಾಗಿರಬೇಕು. ಅಲ್ಲಿನ ದುರಸ್ತಿ ಸೂಕ್ತ ದಪ್ಪದ ಲೋಹದಿಂದ ಆಗಿರಬೇಕು. ಅದರ ಅಂಚಿನುದ್ದಕ್ಕೂ ನಿರಂತರ ಬೆಸುಗೆ ಇರಬೇಕೆಂಬುದು ಸಾಮಾನ್ಯ ನಿಯಮ. ಪುಟ್ಟಿ, ಗಾಜಿನೆಳೆಗಳಿಗೆ ಅಲ್ಲಿ ಮಾನ್ಯತೆಯಿಲ್ಲ. ಆದರೆ ಪರೀಕ್ಷಕನು ಯಾವ ಭಾಗವನ್ನೂ ಬಿಚ್ಚುವಂತಿಲ್ಲ. ನೋಡುವುದು, ಹೆಬ್ಬೆರಳಿನಿಂದ ಒತ್ತುವುದು, ಮೆಲ್ಲನೆ ತಟ್ಟುವುದು ಇಷ್ಟಕ್ಕೇ ಅವಕಾಶ. ಅನೇಕ ತೇಪೆಗಳು ಈ ಪರೀಕ್ಷೆಯನ್ನು ದಾಟಲೆಂದೇ ಹುಟ್ಟಿದವು. 2018ರ ಮೇ ತಿಂಗಳಿನಿಂದ, 40 ವರ್ಷ ಮೀರಿದ ಮತ್ತು ಮೂಲ ರಚನೆ ಹೆಚ್ಚು ಬದಲಾಗದ ಕಾರುಗಳಿಗೆ ಪರೀಕ್ಷೆಯಿಂದ ವಿನಾಯಿತಿ ಇದೆ. ವಾಹನವನ್ನು ಸುಸ್ಥಿತಿಯಲ್ಲಿಡುವ ಮಾಲೀಕನ ಕರ್ತವ್ಯಕ್ಕೆ ಮಾತ್ರ ವಿನಾಯಿತಿ ಇಲ್ಲ.

ಪತ್ತೆಹಚ್ಚುವ ವಿಧಾನ

ತೇಪೆಯನ್ನು ಗುರುತಿಸಲು ದುಬಾರಿ ಸಾಧನಗಳು ಬೇಕಿಲ್ಲ. ಸಣ್ಣ ಅಯಸ್ಕಾಂತಕ್ಕೆ ತೆಳುಬಟ್ಟೆ ಸುತ್ತಿ ಸಿಲ್, ಬಾಗಿಲಿನ ಕೆಳಭಾಗ, ಚಕ್ರದ ಕಮಾನುಗಳ ಮೇಲೆ ಸರಿಸಿದರೆ ಪುಟ್ಟಿ ದಪ್ಪವಾಗಿರುವಲ್ಲಿ ಅದು ಹಿಡಿಯುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ತಗಡು ಕಣಕಣಿಸಿದರೆ ಪುಟ್ಟಿ ಮಂಕಾಗಿ ಸದ್ದು ಮಾಡುತ್ತದೆ. ಬಾಗಿಲಿನ ಸುತ್ತಲಿನ ಸಂದು ಎಲ್ಲ ಕಡೆ ಸಮನಾಗಿದೆಯೇ ಎಂದು ನೋಡಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಒಡಲು ನಡುವೆ ಕುಸಿದಿರುವ ಸಂಭವವಿದೆ. ನೆಲಹಾಸನ್ನು ಎತ್ತಿ ಕೆಳಗಿನ ತಗಡನ್ನು, ಹೆಚ್ಚುವರಿ ಚಕ್ರವಿಡುವ ಗುಂಡಿಯನ್ನು ಪರೀಕ್ಷಿಸಬೇಕು. ಕಾರಿನ ತಳದಲ್ಲಿ ಒಂದೆಡೆ ಮಾತ್ರ ಹೊಸ ಡಾಂಬರು ಕಂಡರೆ ಅದರ ಕಾರಣವನ್ನು ಕೇಳಬೇಕು. ಜಾಕ್ ಇಟ್ಟ ಜಾಗದಲ್ಲಿ ತಗಡು ಕರಕರ ಸದ್ದು ಮಾಡಿದರೆ ಕಾರಿನ ಕೆಳಗೆ ಹೋಗಕೂಡದು.

ಸರಿಯಾದ ದುರಸ್ತಿ

ಸರಿಯಾದ ದುರಸ್ತಿಯ ಮೂಲಸೂತ್ರ ಸರಳ: ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಬೇಕು, ಆ ಗಟ್ಟಿ ಲೋಹಕ್ಕೆ ಮಾತ್ರ ಹೊಸ ಲೋಹವನ್ನು ಬೆಸೆಯಬೇಕು. ತೆರೆದ ಕಾರಿನ ಸಿಲ್ ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡಲಾಗಿ ಉಕ್ಕಿನ ಆಧಾರ ಕೊಡದಿದ್ದರೆ ಒಡಲು ಬಾಗಿ, ಬಳಿಕ ಬಾಗಿಲು ಮುಚ್ಚುವುದೇ ಇಲ್ಲ. ಬೆಸುಗೆಯ ನಂತರ ಸತುವಿನ ಅಂಶವುಳ್ಳ ಬಣ್ಣ, ಸಂದುಗಳಿಗೆ ಮೊಹರು, ಟೊಳ್ಳಿನೊಳಗೆ ಮೇಣ ಸಿಂಪಡಿಸುವುದು ಅಗತ್ಯ. ನೀರು ಹೊರಹೋಗುವ ರಂಧ್ರಗಳು ತೆರೆದಿರಬೇಕು. ಪುಟ್ಟಿಯ ಸರದಿ ಬರುವುದು ಇದೆಲ್ಲ ಮುಗಿದ ಮೇಲೆ, ಅದೂ ತೆಳುವಾಗಿ. 1970 ಮತ್ತು 1980ರ ದಶಕಗಳಲ್ಲಿ ಪೋರ್ಶೆ, ಆಡಿ ಮೊದಲಾದ ಕಂಪನಿಗಳು ಸತು ಲೇಪಿತ ಉಕ್ಕಿನ ಒಡಲನ್ನು ಬಳಕೆಗೆ ತಂದವು. ಕಬ್ಬಿಣಕ್ಕಿಂತ ಮೊದಲು ಸತು ತಾನೇ ಸವೆದು ಅದನ್ನು ಕಾಯುವುದರಿಂದ ನಂತರದ ಕಾರುಗಳಲ್ಲಿ ಈ ಸಮಸ್ಯೆ ಬಹಳ ತಗ್ಗಿದೆ.

ಭಾರತದಲ್ಲಿ

ಭಾರತದ ರಸ್ತೆಗಳಲ್ಲಿ ಹಿಮಕ್ಕೆ ಉಪ್ಪು ಚೆಲ್ಲುವ ರೂಢಿ ವ್ಯಾಪಕವಾಗಿಲ್ಲ. ಆದರೆ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಂತಹ ಕಡೆಗಳಲ್ಲಿ ಕಡಲಿನ ಉಪ್ಪುಗಾಳಿ ಮತ್ತು ವರ್ಷಕ್ಕೆ 3000 ಮಿಲಿಮೀಟರ್ ಮೀರುವ ಮಳೆ ಅದೇ ಕೆಲಸವನ್ನು ಮಾಡುತ್ತವೆ. ದೇಶದಲ್ಲಿ ದೀರ್ಘಕಾಲ ಓಡಿದ ಅಂಬಾಸಡರ್ ಕಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸರಣಿಯ ರೂಪವಾಗಿದ್ದು, ಒಡಲೇ ಚೌಕಟ್ಟಾದ ರಚನೆಯನ್ನು ಹೊಂದಿದೆ. ಅದರ ತಯಾರಿಕೆ 2014ರಲ್ಲಿ ನಿಂತಿತು. ಕರ್ನಾಟಕದ ಗ್ಯಾರೇಜುಗಳಲ್ಲಿ ಒಡಲಿನ ತಗಡು ಕೆಲಸಕ್ಕೆ ‘ಟಿಂಕರಿಂಗ್’ ಎಂಬ ಹೆಸರಿದೆ. ನುರಿತ ಟಿಂಕರ್‌ಗಳು ಹಾಳಾದ ಭಾಗವನ್ನು ಕೈಯಿಂದಲೇ ಬಡಿದು ರೂಪಿಸಬಲ್ಲರು.

ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತವಾಗಿದ್ದು, ಆಮೇಲೆ ತಪಾಸಣೆಗೊಳಪಟ್ಟು ಐದೈದು ವರ್ಷಗಳಿಗೆ ನವೀಕರಣಗೊಳ್ಳುತ್ತದೆ. ನವೀಕರಣಕ್ಕೆ ಮುನ್ನ ಹೊಸ ಬಣ್ಣ ಕಂಡ ಹಳೆಯ ಕಾರನ್ನು ಕೊಳ್ಳುವವರು ಬಣ್ಣದ ಅಡಿಯಲ್ಲಿ ಏನಿದೆ ಎಂದು ಕೇಳುವುದು ಒಳಿತು. ಬೆಸುಗೆ ಹಾಕುವ ಮುನ್ನ, ಹಾಕಿದ ನಂತರ ತೆಗೆದಿಟ್ಟ ಚಿತ್ರಗಳು ಒಳ್ಳೆಯ ಕೆಲಸಕ್ಕೆ ವಿಶ್ವಾಸಾರ್ಹ ಸಾಕ್ಷಿಯಾಗಬಲ್ಲವು.

ಇವನ್ನೂ ನೋಡಿ

ತುಕ್ಕು
ಬೆಸುಗೆ
ಸತು ಲೇಪನ
ಹಿಂದುಸ್ತಾನ್ ಅಂಬಾಸಡರ್