ನಿದ್ದೆ ಬೇಡವೆನ್ನುವ ಹುರುಪು

ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ್ ಸೀಮೆಯಲ್ಲಿ ಮನೆಯಲ್ಲಿ ಕನ್ನಡ ಆಡುವವರಿಗೂ ಪೇಟೆಗೆ ಹೋದರೆ ಮರಾಠಿ ಬೇಕು. ಎರಡೂ ಭಾಷೆಗೆ ಸಲ್ಲುವ ಒಂದು ಮಾತಿದೆ. ಕನ್ನಡದಲ್ಲಿ ಅದು ಹುರುಪು, ಮರಾಠಿಯಲ್ಲಿ ಹುರೂಪ್. ಮನಸ್ಸು ಒಮ್ಮೆ ಖಿನ್ನತೆಗೆ ಕುಸಿದು ಒಮ್ಮೆ ಅತಿಯಾಗಿ ಏರುವ ಬೈಪೋಲಾರ್ ಕಾಯಿಲೆಯ ಹೈಪೋಮೇನಿಯಾ ಎಂಬ ಘಟ್ಟ ಮನೆಯವರ ಕಣ್ಣು ತಪ್ಪಿಸಿಕೊಳ್ಳುವುದು ಈ ಒಳ್ಳೆಯ ಮಾತಿನ ಮರೆಯಲ್ಲೇ. ಇಂಥ ಮನೆಯೊಂದನ್ನು ನೆನೆದುಕೊಳ್ಳಿ. ತಿಂಗಳುಗಟ್ಟಲೆ ಮಂಕಾಗಿ ಮೂಲೆ ಹಿಡಿದಿದ್ದ ಮಗ ಈಗ ನಾಲ್ಕೈದು ದಿನದಿಂದ ಮೂರೇ ತಾಸು ಮಲಗುತ್ತಾನೆ. ನಸುಕಿಗೇ ಹೊಲಕ್ಕೆ ಹೋಗಿ ಬರುತ್ತಾನೆ, ಮಧ್ಯಾಹ್ನ ಅಂಗಡಿಯ ಲೆಕ್ಕ ಬರೆಯುತ್ತಾನೆ, ರಾತ್ರಿ ಹೊಸ ವ್ಯಾಪಾರದ ಮಾತು ತೆಗೆಯುತ್ತಾನೆ. “ಈಗ ಹುಷಾರ್ ಆಗ್ಯಾನ” ಎಂದು ತಾಯಿ ಗುಡಿಯಲ್ಲಿ ಕಾಯಿ ಒಡೆಸುತ್ತಾಳೆ. ಆ ಸಂತೋಷ ಕಸಿಯಲು ಯಾರಿಗೂ ಮನಸ್ಸು ಬಾರದು. ಆದರೆ ವೈದ್ಯರಿಗೆ ಫೋನ್ ಮಾಡಬೇಕಾದ ದಿನವೂ ಅದೇ.

ತಪ್ಪು ಕಲ್ಪನೆ: ಚುರುಕಾದ ಎಂದರೆ ಕಾಯಿಲೆ ಬಿಟ್ಟುಹೋಯಿತು.

ವಾಸ್ತವ: ಗುಣವಾದ ಮನುಷ್ಯ ದುಡಿದರೆ ದಣಿಯುತ್ತಾನೆ, ದಣಿದರೆ ಮಲಗುತ್ತಾನೆ. ಹೈಪೋಮೇನಿಯಾದಲ್ಲಿ ನಿದ್ದೆಯ ಬೇಡಿಕೆಯೇ ತಗ್ಗಿಬಿಡುತ್ತದೆ, ದಣಿವು ತಿಳಿಯುವುದೇ ಇಲ್ಲ. ಮಾತು ಹೆಚ್ಚುತ್ತದೆ, ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು ನುಗ್ಗುತ್ತದೆ, ಖರ್ಚಿಗೆ ಲಗಾಮು ಇರುವುದಿಲ್ಲ. ಕೆಲವರಲ್ಲಿ ಖುಷಿಗಿಂತ ಸಿಡುಕೇ ಮುಂದು. ಇಂಥ ಬದಲಾವಣೆ ಕನಿಷ್ಠ 4 ದಿನ, ದಿನದ ಬಹುಪಾಲು ಹೊತ್ತು ಇದ್ದರೆ ವೈದ್ಯರು ಹೈಪೋಮೇನಿಯಾ ಎಂದು ಗುರುತಿಸುತ್ತಾರೆ. ಇದು ಪೂರ್ಣ ಉನ್ಮಾದವಲ್ಲ. ಇಲ್ಲದ ದನಿ ಕೇಳಿಸುವುದಿಲ್ಲ, ಕೆಲಸಕಾರ್ಯ ಪೂರ್ತಿ ಹದಗೆಡುವುದೂ ಇಲ್ಲ. ಮಾತು ತರ್ಕಬದ್ಧವಾಗಿಯೇ ಇರುತ್ತದೆ, ಆದ್ದರಿಂದಲೇ ಯಾರೂ ಅನುಮಾನಿಸುವುದಿಲ್ಲ. ಇದರ ಹಿಂದೆಯೇ ಆಳವಾದ ಖಿನ್ನತೆ ಕಾದಿರಬಹುದು. ಪೂರ್ಣ ಉನ್ಮಾದವಿಲ್ಲದೆ ಹೈಪೋಮೇನಿಯಾ, ಖಿನ್ನತೆ ಬರುವ ಬೈಪೋಲಾರ್ ಎರಡನೆಯ ಬಗೆಯವರು ಬದುಕಿನಲ್ಲಿ ಹುರುಪಿಗಿಂತ ಎಷ್ಟೋ ಪಟ್ಟು ಹೆಚ್ಚು ದಿನಗಳನ್ನು ಖಿನ್ನತೆಯಲ್ಲೇ ಕಳೆಯುತ್ತಾರೆ.

ಹೆಣ್ಣುಮಗಳಾದರೆ ಇನ್ನೊಂದು ಅನ್ಯಾಯ ಸೇರಿಕೊಳ್ಳುತ್ತದೆ. ಜೋರಾಗಿ ನಕ್ಕಳು, ಸಿಂಗರಿಸಿಕೊಂಡಳು, ಎಲ್ಲರ ಜೊತೆ ಮಾತಾಡಿದಳು ಎಂದು ನಡತೆಯ ಮೇಲೇ ಮಾತು ಬರುತ್ತದೆ. ಕಾಯಿಲೆಯ ಲಕ್ಷಣವನ್ನು ಸೊಸೆಯ ತಪ್ಪೆಂದು ಎಣಿಸುವ ಮನೆ ಅವಳ ಚಿಕಿತ್ಸೆಯನ್ನೂ ಕಳೆಯುತ್ತದೆ, ಮಾನವನ್ನೂ ಕಳೆಯುತ್ತದೆ. ಹೆರಿಗೆಯ ನಂತರದ ವಾರಗಳಲ್ಲಿ ಈ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ಬಾಣಂತಿ ಮೂರು ರಾತ್ರಿ ಕಣ್ಣು ಮುಚ್ಚದಿದ್ದರೆ ಅದನ್ನು ಕೂಸಿನ ಅಳುವಿನ ತಲೆಗೇ ಕಟ್ಟಿ ಸುಮ್ಮನಿರಬೇಡಿ.

ತಪ್ಪು ಕಲ್ಪನೆ: ಮನಸ್ಸು ಕೆಟ್ಟಿದ್ದಕ್ಕೆ ನಿದ್ದೆ ಕೆಟ್ಟಿದೆ, ಮನಸ್ಸು ಸರಿಹೋದರೆ ನಿದ್ದೆ ತಾನೇ ಬರುತ್ತದೆ.

ವಾಸ್ತವ: ಇದು ಎರಡೂ ಕಡೆಯಿಂದ ತೆರೆಯುವ ಬಾಗಿಲು. ಕಾಯಿಲೆ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಕಾಯಿಲೆಯನ್ನು ಎಬ್ಬಿಸುತ್ತದೆ. ಈ ಭಾಗದ ಬದುಕಿನಲ್ಲಿ ನಿದ್ದೆಗೆಡುವ ಸಂದರ್ಭಗಳು ಎಷ್ಟೊಂದು! ರಾತ್ರಿ ಪಾಳಿಯ ಕರೆಂಟು ಬಂದಾಗ ಹೊಲಕ್ಕೆ ನೀರು ಬಿಡಲು ಏಳಬೇಕು. ಮದುವೆಯ ಮನೆ, ಶಿವರಾತ್ರಿಯ ಜಾಗರಣೆ, ಊರ ಜಾತ್ರೆ, ರಂಜಾನ್ ತಿಂಗಳ ಸಹರಿ ಎಲ್ಲವೂ ನಿದ್ದೆ ತಿನ್ನುತ್ತವೆ. ಉಳಿದವರು ಮರುದಿನ ಮಲಗಿ ಸರಿಹೋಗುತ್ತಾರೆ. ಬೈಪೋಲಾರ್ ಇರುವವರಿಗೆ ಒಂದೇ ರಾತ್ರಿಯ ನಿದ್ದೆಗೇಡೂ ಹುರುಪಿನ ಏರಿಕೆಯ ಮೊದಲ ಮೆಟ್ಟಿಲಾಗಬಹುದು. ಹಬ್ಬ ಬಿಡಬೇಕಿಲ್ಲ, ರಾತ್ರಿಯ ಪಾಲನ್ನು ಮನೆಯ ಬೇರೆಯವರು ಹೊರಬೇಕು. ಉಪವಾಸ, ರೋಜಾ ಹಿಡಿಯುವವರು ಗುಳಿಗೆಯ ಹೊತ್ತನ್ನು ತಾವೇ ಬದಲಿಸದೆ ಮೊದಲೇ ವೈದ್ಯರನ್ನು ಕೇಳಬೇಕು.

ಹುರುಪು ಏರುತ್ತಿದೆ ಎಂದು ತಿಳಿದ ಕೂಡಲೇ ಮಾಡಬೇಕಾದದ್ದು ಹೊಸದನ್ನು ಸೇರಿಸುವುದಲ್ಲ, ಇರುವುದನ್ನು ತಗ್ಗಿಸುವುದು. ಮಧ್ಯಾಹ್ನದ ಮೇಲೆ ಚಹಾ ಬೇಡ, ಸೆರೆ ಬೇಡವೇ ಬೇಡ. ರಾತ್ರಿ ಊಟವಾದ ಮೇಲೆ ಮೊಬೈಲು ಬೇರೆ ಕೋಣೆಯಲ್ಲಿರಲಿ. ನಿದ್ದೆ ಬಾರದಿದ್ದರೂ ದೀಪ ಆರಿಸಿ ಕತ್ತಲಲ್ಲಿ ಮಲಗಿರಬೇಕು. ಬಂದುಹೋಗುವವರು, ಕೆಲಸ, ಗದ್ದಲ ಅರ್ಧಕ್ಕಿಳಿಯಲಿ. ಮತ್ತು ರೊಕ್ಕದ ಮಾತು. ಸೋಯಾಬೀನ್, ತೊಗರಿ ಮಾರಿ ಅಡತಿ ಅಂಗಡಿಯಿಂದ ಹಣ ಕೈಗೆ ಬರುವ ದಿನಗಳಲ್ಲಿ ಏರಿಕೆಯೂ ಬಂದರೆ ವರ್ಷದ ದುಡಿಮೆ ವಾರದಲ್ಲಿ ಕರಗೀತು. ಎಟಿಎಂ ಕಾರ್ಡು, ಚೆಕ್ ಪುಸ್ತಕ, ಫೋನಿನಲ್ಲಿ ಹಣ ಕಳಿಸುವ ವ್ಯವಸ್ಥೆ ಇವನ್ನು ಆ ಕೆಲವು ದಿನ ನಂಬಿಗಸ್ಥರೊಬ್ಬರು ನೋಡಿಕೊಳ್ಳಲಿ. ಈ ಕರಾರನ್ನು ಕಾಯಿಲೆ ಇರುವವರ ಮನಸ್ಸು ನೆಟ್ಟಗಿರುವಾಗ ಅವರೊಂದಿಗೇ ಕೂತು, ಅವರ ಒಪ್ಪಿಗೆಯಿಂದಲೇ ಮಾಡಿಕೊಂಡಿರಬೇಕು. ಏರಿಕೆಯ ನಡುವೆ ಕಿತ್ತುಕೊಳ್ಳಲು ಹೋದರೆ ಜಗಳ ಗ್ಯಾರಂಟಿ. ಆಗ ವಾದಿಸಿ ಗೆಲ್ಲಲಾಗದು. “ಎರಡು ರಾತ್ರಿ ನಿದ್ದಿ ಆಗಿಲ್ಲಲ್ಲ, ಡಾಕ್ಟರಿಗೆ ಕೇಳೋಣ ನಡಿ” ಎಂಬ ಒಂದು ಮೆತ್ತಗಿನ ಮಾತು ನೂರು ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ತಪ್ಪು ಕಲ್ಪನೆ: ಇದು ಭಾನಾಮತಿ, ಕರಣಿ. ಕಟ್ಟಿಹಾಕಿ ಬಿಡಿಸಬೇಕು.

ವಾಸ್ತವ: ಭಾನಾಮತಿಯ ಭಯ ಬೀದರ್, ಕಲಬುರಗಿಯಲ್ಲೂ ಇದೆ, ಮರಾಠವಾಡದಲ್ಲೂ ಇದೆ. ದೇವರಿಗೆ, ದರ್ಗಾಕ್ಕೆ ಹೋಗಿ ನೆಮ್ಮದಿ ಕಂಡುಕೊಳ್ಳುವವರನ್ನು ನಾನು ತಡೆಯಲಾರೆ. ಗುಳಿಗೆ ನಿಲ್ಲಿಸಿ, ಕೈಕಾಲು ಕಟ್ಟಿ ಅಲ್ಲಿ ಕೂಡಿಸುವುದನ್ನು ಮಾತ್ರ ಒಪ್ಪಲಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸುತ್ತ ನಡೆಯುತ್ತಿದ್ದ ಆಶ್ರಯಮನೆಗಳಲ್ಲೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಮಹಾರಾಷ್ಟ್ರದಲ್ಲಂತೂ ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಅವರ ಹತ್ಯೆಯಾದ 2013ರಲ್ಲೇ ಬಂದ ಕಾಯ್ದೆಯ ಪ್ರಕಾರ ದೆವ್ವ ಬಿಡಿಸುವ ನೆಪದಲ್ಲಿ ಹಗ್ಗ, ಸರಪಳಿಯಿಂದ ಕಟ್ಟಿ ಬಡಿಯುವುದು ಜೈಲಿಗೆ ಹೋಗುವ ಅಪರಾಧ.

ತಪ್ಪು ಕಲ್ಪನೆ: ಬೇಸರಕ್ಕೆ ಕೊಟ್ಟ ಗುಳಿಗೆಯೇ ಇದಕ್ಕೂ ಸಾಕು.

ವಾಸ್ತವ: ಖಿನ್ನತೆಯ ಗುಳಿಗೆಯನ್ನು ಒಂಟಿಯಾಗಿ ಕೊಟ್ಟರೆ ಕೆಲವರಲ್ಲಿ ಅದೇ ಏರಿಕೆಯನ್ನು ತರುತ್ತದೆ. ಆದ್ದರಿಂದ ಖಿನ್ನತೆಗೆಂದು ಹೋದಾಗಲೂ “ಹಿಂದೊಮ್ಮೆ ಹೀಗೆ ನಿದ್ದೆಯಿಲ್ಲದೆ ಹುರುಪಾಗಿದ್ದ” ಎಂದು ವೈದ್ಯರಿಗೆ ತಪ್ಪದೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ತಪ್ಪು ಕಲ್ಪನೆ: ಲಿಥಿಯಂ ಎಂದರೆ ವಿಷ. ಹಾಯಾಗಿರುವಾಗ ಅದು ಬೇಡ.

ವಾಸ್ತವ: ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಲಿಥಿಯಂ ಉಪಯೋಗ ಕಂಡುಕೊಂಡರು. ಮುಕ್ಕಾಲು ಶತಮಾನವಾದರೂ ಅದು ಮುಖ್ಯ ಔಷಧವಾಗಿಯೇ ಉಳಿದಿದೆ, ಆತ್ಮಹತ್ಯೆಯ ಅಪಾಯವನ್ನೂ ತಗ್ಗಿಸುತ್ತದೆ. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರಳುವ ಸಂಭವ ಹೆಚ್ಚು. ಅದಕ್ಕೆ ಲೆಕ್ಕ ಬೇಕು ಎನ್ನುವುದೂ ನಿಜ. ಕೊನೆಯ ಗುಳಿಗೆಯಾಗಿ 12 ತಾಸಿನ ನಂತರ ರಕ್ತ ಕೊಟ್ಟು ಮಟ್ಟ ನೋಡಿಸಬೇಕು, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ಕಾಲಕಾಲಕ್ಕೆ ಆಗಬೇಕು. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ಲಾತೂರಿಗೆ ನೀರು ತರಿಸಬೇಕಾದ ಸೀಮೆಯಿದು. 40 ಡಿಗ್ರಿ ಮೀರಿದ ಬಿಸಿಲಲ್ಲಿ ಹೊಲದಲ್ಲಿ ನಿಂತು ಬೆವರುವ ಲಿಥಿಯಂ ರೋಗಿಗೆ ನೀರಿನ ಕೊಡವೂ ಚಿಕಿತ್ಸೆಯ ಭಾಗವೇ. ಮೊಣಕಾಲು ನೋವಿಗೆಂದು ಮೆಡಿಕಲ್ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗಬಾರದು, ಅವೂ ಲಿಥಿಯಂ ಮಟ್ಟ ಏರಿಸುತ್ತವೆ. ವಾಂತಿ, ಭೇದಿ, ಕೈನಡುಕ, ತೊದಲು, ತೂರಾಟ ಕಂಡರೆ ಮುಂದಿನ ಗುಳಿಗೆಗೆ ಮೊದಲೇ ದವಾಖಾನೆ ಮುಟ್ಟಬೇಕು. ಬಸಿರಾಗುವ ಯೋಚನೆ ಇರುವವರು ಮೊದಲೇ ವೈದ್ಯರೊಡನೆ ಮಾತಾಡಲಿ, ವಾಲ್ಪ್ರೋಯೇಟ್ ಎಂಬ ಇನ್ನೊಂದು ಔಷಧ ಗರ್ಭದ ಕೂಸಿಗೆ ಅಪಾಯಕಾರಿ.

ತಪ್ಪು ಕಲ್ಪನೆ: ನಮ್ಮಂಥ ಊರಿನಲ್ಲಿ, ನಮ್ಮ ಭಾಷೆಯಲ್ಲಿ ಕೇಳುವವರು ಯಾರಿದ್ದಾರೆ?

ವಾಸ್ತವ: 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಬೈಪೋಲಾರ್ ಇರುವವರ ಪೈಕಿ 100ಕ್ಕೆ ಸುಮಾರು 70 ಮಂದಿ ಚಿಕಿತ್ಸೆಯ ಹೊರಗಿದ್ದರು. ಆದರೂ ದಾರಿಯಿದೆ. ಉದಗೀರ್‌ನಿಂದ ಬೀದರ್‌ಗೆ ರೈಲಿದೆ. ಲಾತೂರು, ಸೋಲಾಪುರ, ಬೀದರ್, ಕಲಬುರಗಿ ನಾಲ್ಕೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ತಾಸೂ ಉಚಿತ. ಮರಾಠಿಯನ್ನೂ ಆರಿಸಿಕೊಳ್ಳಬಹುದು, ಕನ್ನಡವನ್ನೂ ಆರಿಸಿಕೊಳ್ಳಬಹುದು. ಸಾಯುವ ಮಾತು ಬಂದರೆ, ಇಲ್ಲದ ದನಿ ಕೇಳತೊಡಗಿದರೆ ಫೋನಿಗೆ ನಿಲ್ಲದೆ ಆಗಲೇ ದವಾಖಾನೆಗೆ ಕರೆದೊಯ್ಯಿರಿ. ಬೈಪೋಲಾರ್ ಇರುವವರು ನಿಮ್ಮ ಮನೆಯಲ್ಲಿದ್ದು, ಎರಡು ರಾತ್ರಿ ಮೂರು ತಾಸು ಮಲಗಿ ದಣಿವಿಲ್ಲದೆ ಎದ್ದಿದ್ದರೆ ಮೂರನೆಯ ರಾತ್ರಿಗೆ ಕಾಯಬೇಡಿ. ಇವತ್ತೇ ವೈದ್ಯರಿಗೆ ತಿಳಿಸಿ.